ಇನ್ನೊಂದು ಅರ್ಧ ಅಂಗುಲ

ಆರ್ಲೋ ನುಟ್ಸನ್ ಮಾಡಿದ ತಪ್ಪು ಇಷ್ಟೇ: ಬಾಣ ಕೊಳ್ಳುವಾಗ ಯಾರನ್ನೂ ಕೇಳಲಿಲ್ಲ.

ವಿಸ್ಕಾನ್ಸಿನ್ನಿನ ಈ ಭಾಗದಲ್ಲಿ ಯಾರನ್ನೂ ಕೇಳದೆ ಮದುವೆಯಾಗಬಹುದು, ಯಾರನ್ನೂ ಕೇಳದೆ ಚರ್ಚು ಬದಲಿಸಬಹುದು. ಹಳೆಯ ಕಾಲದ ಬಿಲ್ಲಿಗೆ ಬಾಣದ ಕಡ್ಡಿ ಆರಿಸುವಾಗ ಮಾತ್ರ ಹಾಗೆ ಮಾಡುವಂತಿಲ್ಲ. ಈಗಿನ ಬಿಲ್ಲುಗಳ ಹಾಗೆ ಇದಕ್ಕೆ ಹೆದೆ ಎಳೆಯಲು ನೆರವಾಗುವ ಗಾಲಿಗಳಿಲ್ಲ, ಗುರಿ ತೋರಿಸುವ ಮಸೂರವಿಲ್ಲ. ಒಂದು ಬಾಗಿದ ಮರ, ಒಂದು ಹೆದೆ, ಮಿಕ್ಕಿದ್ದೆಲ್ಲ ಅಭಿಪ್ರಾಯ.

ಆರ್ಲೋ ಚೀಸ್ ಕಾರ್ಖಾನೆಯ ನೌಕರ. ಯಾರಿಗೂ ಇಲ್ಲ ಎನ್ನಲಾರದವನು. ಐದು ವರ್ಷದಿಂದ ಬಿಲ್ಲು ಹಿಡಿದು ಕಾಡಿಗೆ ಹೋಗುತ್ತಿದ್ದ, ಐದು ವರ್ಷದಿಂದ ನೆಗಡಿ ಹಿಡಿಸಿಕೊಂಡು ವಾಪಸು ಬರುತ್ತಿದ್ದ. ಪ್ರತಿ ಕ್ರಿಸ್‌ಮಸ್ಸಿಗೂ ಅವನ ಹೆಂಡತಿ ಕೊರೀನಳ ತಮ್ಮ ತಾನು ಹೊಡೆದ ಜಿಂಕೆಯ ಸಾಸೇಜು ತಂದು, ಅನಾಥಾಲಯದಲ್ಲಿ ಕಂಬಳಿ ಹಂಚುವವನ ಮುಖ ಮಾಡಿಕೊಂಡು ಭಾವನ ಕೈಗಿಡುತ್ತಿದ್ದ. ಇದನ್ನು ಸಹಿಸಿ ಸಹಿಸಿ ಸಾಕಾಗಿ, ಕಳೆದ ತಿಂಗಳು ಊರಿನ ಶುಕ್ರವಾರದ ಮೀನಿನೂಟದಲ್ಲಿ, ಎರಡನೆಯ ಬ್ರಾಂಡಿ ಕೊಟ್ಟ ಧೈರ್ಯದಲ್ಲಿ, ಆರ್ಲೋ ಎಲ್ಲರೆದುರು ಹೇಳಿಬಿಟ್ಟಿದ್ದ: "ಈ ವರ್ಷ ಸಾಸೇಜು ನಮ್ಮನೆಯಿಂದ ಹೋಗುತ್ತೆ."

ಅದಕ್ಕೇ ಹೊಸ ಬಾಣ. ಕಾರ್ಬನ್ ಕಡ್ಡಿ ಮಳೆಗೆ ನೆನೆದು ಸೊಟ್ಟಗಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಬೇಲಿಯಾಚೆ ಗುನ್ನರ್ ಮೋ ಎಂಬ ಮುದುಕನಿದ್ದ. ಬಾಣವೆಂದರೆ ದೇವದಾರು ಮರದ್ದೇ, ಮಿಕ್ಕಿದ್ದು ಇದ್ದಿಲು ಎನ್ನುವವನು. ಹೀಗಾಗಿ ಆರ್ಲೋ ಅತಿ ಬುದ್ಧಿವಂತಿಕೆಯಿಂದ, ಮೇಲೆ ಮರದ ಗೆರೆಗಳನ್ನು ಅಚ್ಚು ಹಾಕಿದ ಕಾರ್ಬನ್ ಬಾಣಗಳನ್ನು ತರಿಸಿದ. ಹೊರಗೆ ಮರ, ಒಳಗೆ ಕಾರ್ಬನ್. ಗುನ್ನರ್‌ಗೂ ಸಂತೋಷ, ತನಗೂ ಸುಖ.

ಬೇಟೆಯ ಋತುವಿನ ಮೊದಲ ಶನಿವಾರ. ಕೊರೀನ್ ಪಿಕಪ್ ಟ್ರಕ್ ಹತ್ತಿಕೊಂಡು ತಾನು ಕೆಲಸ ಮಾಡುವ ಹೋಟೆಲಿಗೆ ಹೋಗಿಯಾಗಿತ್ತು. ಆರ್ಲೋ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡ. ಹಿತ್ತಲಿನ ಜೋಳದ ಹೊಲ ದಾಟಿದರೆ ಕಾಡು. ಹೊರಡುವ ಮುಂಚೆ ಹುಲ್ಲಿನ ಪೆಂಡಿಗೆ ಒಂದೇ ಒಂದು ಬಾಣ ಹೊಡೆದು ನೋಡೋಣ ಅನ್ನಿಸಿತು. ಬಾಣ ಸಿಕ್ಕಿಸುವಾಗ ಅದು ಬಿಲ್ಲಿಗೆ ತಾಗಿ ಟಣ್ ಎಂದಿತು. ಗುರಿಯಿಟ್ಟ. ಬಿಟ್ಟ.

ಬಿಡುವ ಗಳಿಗೆಗೆ ಸರಿಯಾಗಿ ಬೇಲಿಯ ಮೇಲಿಂದ ದನಿ ಬಂತು. "ಏನೋ ಅದು ಸದ್ದು?"

ಬಾಣ ಒಂದು ಗೇಣು ಎಡಕ್ಕೆ ಹೋಗಿ ನಾಟಿತು.

"ಹೊಸ ಬಾಣ, ಗುನ್ನರ್. ನೋಡಿ, ಮರದ ಗೆರೆ ಎಷ್ಟು ಚೆನ್ನಾಗಿದೆ."

"ಕಣ್ಣಿಗೆ ಮರ, ಕಿವಿಗೆ ಕೊಳವೆ," ಎನ್ನುತ್ತ ಗುನ್ನರ್ ಬೇಲಿಯ ಗೇಟು ತೆಗೆದು ಒಳಗೇ ಬಂದ. ಬಾಣ ಕಿತ್ತು, ಉಗುರಿನಿಂದ ತಟ್ಟಿ, ಸತ್ತ ಇಲಿಯ ಬಾಲ ಹಿಡಿದವನ ಹಾಗೆ ಎರಡೇ ಬೆರಳಲ್ಲಿ ಎತ್ತಿ ತೋರಿಸಿದ. "ಇದ್ದಿಲಿಗೆ ವೇಷ ಹಾಕಿಸಿ ತಂದಿದ್ದೀಯಲ್ಲೋ. ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ?"

"ನೀವು ಕೂಗಿದ್ದಕ್ಕೆ ಕೈ ಅಲುಗಿತು."

"ನನ್ನ ಮರದ ಬಾಣ ಕೂಗಿದರೂ ನೆಟ್ಟಗೆ ಹೋಗುತ್ತೆ."

ಇಲ್ಲಿ ಆರ್ಲೋ ಎರಡನೆಯ ತಪ್ಪು ಮಾಡಿದ. ಒಬ್ಬ ಸಲಹೆಗಾರನಿಂದ ತಪ್ಪಿಸಿಕೊಳ್ಳಲು ಇನ್ನೊಬ್ಬನಿಗೆ ಫೋನು ಮಾಡಿದ. ಟೆರಿ ವಾಚೆಕ್ ಕಾರ್ಖಾನೆಯಲ್ಲಿ ಚೀಸಿನ ಗುಣಮಟ್ಟ ಅಳೆಯುವವನು. ಬಿಡುವಿನಲ್ಲಿ ಬಾಣ ಅಳೆಯುತ್ತಿದ್ದ. ಕಾರ್ಬನ್ನಿನ ಪರವಾಗಿ ಒಂದು ಮಾತಾಡಿ ಹೋಗಲಿ ಎಂದು ಕರೆದರೆ ಅವನು ತಕ್ಕಡಿ, ಮೊನೆಗಳ ಡಬ್ಬಿ, ಕಡ್ಡಿ ಕತ್ತರಿಸುವ ವಿದ್ಯುತ್ ಗರಗಸ ಎಲ್ಲ ಹೊತ್ತು ತಂದ.

"ನೀನು ಇವತ್ತು ಬೇಟೆಗೆ ಹೋಗಲಿಲ್ವಾ?" ಎಂದ ಆರ್ಲೋ.

"ನನ್ನ ಬಾಣಕ್ಕೆ ಹಾಕಿರೋ ಅಂಟು ಇನ್ನೂ ಒಣಗಿಲ್ಲ ಮಾರಾಯ. ಇದರ ಬಳುಕಿನ ಅಂಕಿ ಎಷ್ಟು?"

"ನಾನೂರು."

"ನಿನ್ನ ಬಿಲ್ಲಿಗೆ ಇದು ಗಡಸು. ಐನೂರು ತಗೋಬೇಕಿತ್ತು."

"ಐನೂರು ಅಂದ್ರೆ ಇನ್ನೂ ಗಡಸು ಅಲ್ವಾ?"

"ಅಲ್ಲ. ಅಂಕಿ ದೊಡ್ಡದಾದಷ್ಟೂ ಕಡ್ಡಿ ಮೆತ್ತಗೆ."

"ಯಾಕೆ?"

"ಯಾಕೆ ಅಂತ ಕೇಳಬಾರದು."

"ಲೆಕ್ಕಾನೇ ತಲೆಕೆಳಗು," ಎಂದ ಗುನ್ನರ್, ಗಾರ್ಡನ್ ಕುರ್ಚಿ ಎಳೆದುಕೊಂಡು ಕೂರುತ್ತ.

ಟೆರಿ ಹೇಳಿದ ವಿದ್ಯೆ ಸರಳವಾಗಿತ್ತು. ಕಡ್ಡಿ ಗಡಸಾದರೆ ಬಾಣ ಎಡಕ್ಕೆ ಹೋಗುತ್ತದೆ, ಮೆತ್ತಗಾದರೆ ಬಲಕ್ಕೆ. ಮೊನೆ ಭಾರವಾದರೆ ಕಡ್ಡಿ ಹೆಚ್ಚು ಬಳುಕುತ್ತದೆ. ಅವನು ಭಾರದ ಮೊನೆ ಸಿಕ್ಕಿಸಿದ. ಆರ್ಲೋ ಹೊಡೆದ. ಬಾಣ ಬಲಕ್ಕೆ ಹೋಯಿತು.

"ಈಗ ಮೆತ್ತಗಾಯ್ತು," ಎಂದ ಟೆರಿ, ಕಾಯಿಲೆ ಪತ್ತೆಯಾದ ವೈದ್ಯನ ಸಮಾಧಾನದಲ್ಲಿ.

"ಕತ್ತರಿಸು," ಎಂದ ಗುನ್ನರ್. ಕಾರ್ಬನ್ ಅಂದರೆ ಆಗದಿದ್ದರೂ ಅದನ್ನು ಕತ್ತರಿಸುವುದು ಅವನಿಗೆ ಇಷ್ಟವಿತ್ತು. "ಕಡ್ಡಿ ಗಿಡ್ಡ ಆದಷ್ಟೂ ಗಡಸು. ಅದು ಮರಕ್ಕೂ ನಿಜ, ಇದ್ದಿಲಿಗೂ ನಿಜ."

ಅರ್ಧ ಅಂಗುಲ ಕತ್ತರಿಸಿದರು. ಒಂದನ್ನೇ ಅಲ್ಲ, ಎಲ್ಲವನ್ನೂ. "ಒಂದು ಉದ್ದ, ಒಂದು ಗಿಡ್ಡ ಇದ್ರೆ ಅದು ಬತ್ತಳಿಕೆ ಅಲ್ಲ, ಸಂತೆ," ಎಂದು ಟೆರಿ ಗರಗಸ ಹಿಡಿದ. ಕಪ್ಪು ಧೂಳು ಹಾರಿ ಆರ್ಲೋನ ಕಾಫಿಯಲ್ಲಿ ಬಿತ್ತು.

ಬಾಣ ಇನ್ನೂ ಬಲಕ್ಕೇ ಹೋಯಿತು. ಇನ್ನೊಂದು ಅರ್ಧ ಅಂಗುಲ ಹೋಯಿತು. ಈಗ ಎಡಕ್ಕೆ. ಅದಕ್ಕೆ ಇನ್ನೂ ಭಾರದ ಮೊನೆ. ಬಲಕ್ಕೆ. ಎರಡು ಕಿವಿಯ ಪಕ್ಕದ ಕೂದಲನ್ನು ಸಮ ಮಾಡಲು ಹೊರಟ ಕ್ಷೌರಿಕನ ಕೈಗೆ ಸಿಕ್ಕ ಗಿರಾಕಿಯ ತಲೆಗೂದಲಿನಂತೆ ಬಾಣಗಳು ಚಿಕ್ಕವಾಗುತ್ತ ಬಂದವು.

"ನಾನು ಇರೋದನ್ನೇ ತಗೊಂಡು ಕಾಡಿಗೆ ಹೊರಡ್ಲಾ?" ಎಂದು ಆರ್ಲೋ ಒಮ್ಮೆ ಕೇಳಿ ನೋಡಿದ. ಬಿಸಿಲು ಏರಿತ್ತು, ಜಿಂಕೆಗಳು ಮೇಯ್ದು ಮಲಗುವ ಹೊತ್ತು.

ಇಬ್ಬರೂ ಅವನನ್ನು ಕೊಲೆಗಾರನನ್ನು ನೋಡುವಂತೆ ನೋಡಿದರು. ಅಂದು ಅವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದಿದ್ದರು.

"ಓರೆ ಹೋಗೋ ಬಾಣ ತಗೊಂಡು ಜೀವದ ಮೇಲೆ ಬಿಡ್ತೀಯಾ?" ಎಂದ ಟೆರಿ.

"ಗಾಯ ಮಾಡಿ ಓಡಿಸ್ತಾನೆ. ಅದು ಎಲ್ಲೋ ಪೊದೆಯಲ್ಲಿ ನರಳಿ ಸಾಯ್ಲಿ ಅಂತ," ಎಂದ ಗುನ್ನರ್.

ಆರ್ಲೋಗೆ ನಾಚಿಕೆಯಾಯಿತು. ಮಾತು ನಿಜವೇ ಆಗಿತ್ತು. ಒಳಗೆ ಹೋಗಿ ಮೂವರಿಗೂ ಬ್ರಾಟ್‌ವರ್ಸ್ಟ್ ಎಂಬ ಅಂಗಡಿಯ ಹಂದಿ ಸಾಸೇಜು ಸುಟ್ಟು ತಂದ. ತಿನ್ನುತ್ತಲೇ ಗರಿಯ ಬಗ್ಗೆ ಜಗಳ ಶುರುವಾಯಿತು. ಎಡ ರೆಕ್ಕೆಯ ಗರಿಯೋ ಬಲ ರೆಕ್ಕೆಯ ಗರಿಯೋ ಎಂಬ ವಿಷಯಕ್ಕೆ ಗುನ್ನರ್ ತನ್ನ ತಾತನನ್ನು ಕರೆತಂದ, ಟೆರಿ ಗಾಳಿಯ ಒತ್ತಡವನ್ನು ಕರೆತಂದ. ಆರ್ಲೋ ಸಾಸಿವೆ ಬಾಟಲಿ ದಾಟಿಸುತ್ತ ಕೂತ.

ಊಟವಾದ ಮೇಲೆ ಮತ್ತೆ ಹೊಡೆ, ಕತ್ತರಿಸು, ತೂಗು. ಬೆಳಗಿನಿಂದ ಹೆದೆ ಎಳೆದೆಳೆದು ಆರ್ಲೋನ ಭುಜ ಬೆಂದ ಆಲೂಗಡ್ಡೆಯಾಗಿತ್ತು. ಬಾಯಿಯ ಮೂಲೆಗೆ ಬರಬೇಕಾದ ಬೆರಳು ಗಲ್ಲದ ಮುಂದೆಯೇ ನಿಂತು, ನಡುಗಿ, ಬಿಟ್ಟುಬಿಡುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಇಬ್ಬರ ಕಣ್ಣೂ ಬಾಣದ ಮೇಲಿತ್ತು.

ಬಿಸಿಲು ಹಳದಿಯಾಗುವ ಹೊತ್ತಿಗೆ ಪವಾಡ ನಡೆಯಿತು. ಬಾಣ ನೆಟ್ಟಗೆ ಹೋಗಿ ನಡುವಿಗೇ ನಾಟಿತು. ಮತ್ತೊಂದು ಹೊಡೆದ, ಅದೂ ನಡುವಿಗೆ. ಬೇಟೆಯ ಅಲಗು ಸಿಕ್ಕಿಸಿ ಹೊಡೆದ, ಅದೂ ನಡುವಿಗೆ.

"ಮೊನೆಯ ಭಾರ," ಎಂದ ಟೆರಿ, ಕಣ್ಣು ಒದ್ದೆ ಮಾಡಿಕೊಂಡು.

"ಕತ್ತರಿಸಿದ್ದು," ಎಂದ ಗುನ್ನರ್.

ಆರ್ಲೋ ಹುಲ್ಲಿನ ಪೆಂಡಿಯಿಂದ ಬಾಣ ಕಿತ್ತು ತಂದು ಹೆದೆಗೆ ಸಿಕ್ಕಿಸುತ್ತಿದ್ದಾಗ ಜೋಳದ ಸಾಲು ಅಲುಗಿತು. ಹೊರಗೆ ಬಂದದ್ದು ಗಂಡು ಜಿಂಕೆ. ಕೊಂಬು ಚರ್ಚಿನ ದೀಪಗಂಬದಂತೆ ಕವಲೊಡೆದಿತ್ತು. ಅದು ಪೆಂಡಿಯ ಪಕ್ಕದಲ್ಲೇ ಬಂದು, ಪಕ್ಕೆ ತೋರಿಸಿಕೊಂಡು, ಉದುರಿದ ಸೇಬು ತಿನ್ನುತ್ತ ನಿಂತಿತು.

"ಈಗ," ಎಂದು ಟೆರಿ ಪಿಸುಗುಟ್ಟಿದ.

"ತಡಿ, ಮುಂಗಾಲು ಎತ್ತಲಿ," ಎಂದು ಗುನ್ನರ್ ಪಿಸುಗುಟ್ಟಿದ.

ಆರ್ಲೋ ಆ ದಿನ ಮೊದಲ ಸಲ ಇಬ್ಬರ ಮಾತನ್ನೂ ಕೇಳಲಿಲ್ಲ. ಭುಜದ ನೋವು ಎಲ್ಲಿ ಹೋಯಿತೋ. ಐದು ವರ್ಷದ ಹಸಿವೆಲ್ಲ ಕೈಗೆ ಬಂದು, ಹೆದೆಯನ್ನು ಸರಾಗವಾಗಿ, ಪೂರ್ತಿಯಾಗಿ, ಬಾಯಿಯ ಮೂಲೆಯವರೆಗೂ ಎಳೆದ.

ದಣಿದ ಕೈಯ ಅರೆ ಎಳೆತಕ್ಕೆ ಹೊಂದಿಸಿದ್ದ ಮೋಟು ಬಾಣದ ತುದಿ ಬಿಲ್ಲನ್ನು ದಾಟಿ ಒಳಗೆ ಬಂತು. ಆನಿಕೆ ತಪ್ಪಿತು. ಟಕ್ ಎಂದು ಅವನ ಬೂಟಿನ ಪಕ್ಕ ಬಿತ್ತು.

ಜಿಂಕೆ ತಲೆಯೆತ್ತಿತು. ಬಾಣವಿಲ್ಲದ ಬಿಲ್ಲನ್ನು ಎಳೆದು ನಿಂತ ಮನುಷ್ಯನನ್ನು ಅದು ಕೊಂಚ ಹೊತ್ತು ಮರುಕದಿಂದ ನೋಡಿತು.

"ಗಿಡ್ಡ ಆಯ್ತು," ಎಂದ ಗುನ್ನರ್, ಜೋರಾಗಿಯೇ.

ಜಿಂಕೆ ಎರಡು ನೆಗೆತದಲ್ಲಿ ಮನೆಯ ಪಕ್ಕದಿಂದ ರಸ್ತೆಯ ಕಡೆ ಹಾರಿತು. ಆಮೇಲೆ ಬ್ರೇಕಿನ ಕಿರುಚು, ದೊಪ್ಪನೆ ಸದ್ದು.

ಓಡಿ ಹೋಗಿ ನೋಡಿದರೆ ಆರ್ಲೋನದೇ ಪಿಕಪ್ ಚರಂಡಿಯಲ್ಲಿ ಮೂಗು ಊರಿತ್ತು, ಬಾನೆಟ್ಟು ಮಡಚಿ ಹಬೆ ಏಳುತ್ತಿತ್ತು. ಕೊರೀನ್ ಬಾಗಿಲು ದೂಡಿ ಇಳಿಯುತ್ತಿದ್ದಳು. ಜಿಂಕೆ ರಸ್ತೆಯ ಮೇಲೆ ಕಾಲು ಚಾಚಿ ಬಿದ್ದಿತ್ತು.

"ನಿನಗೇನಾದ್ರೂ ಆಯ್ತಾ?" ಆರ್ಲೋ ಅವಳ ಭುಜ ಹಿಡಿದುಕೊಂಡ.

"ನನಗೇನೂ ಆಗಿಲ್ಲ. ಗಾಡಿ ನೋಡು."

ಅವನು ಗಾಡಿ ನೋಡಲಿಲ್ಲ. ಅವಳಿಗೆ ಏನೂ ಆಗಿಲ್ಲವೆಂದು ಗೊತ್ತಾದ ಕೂಡಲೇ, ದೇವರು ಕ್ಷಮಿಸಲಿ, ಜಿಂಕೆ ನೋಡಿದ. ಅಲ್ಲಿನ ಕಾನೂನಿನಂತೆ ಗುದ್ದಿ ಬಿದ್ದ ಜಿಂಕೆ ಗಾಡಿಯವರಿಗೇ ಸೇರುತ್ತದೆ, ಅರಣ್ಯ ಇಲಾಖೆಗೆ ಒಂದು ಫೋನು ಮಾಡಿದರಾಯಿತು. ಹೇಗೆ ಸಿಕ್ಕಿತು ಎಂದು ಸಾಸೇಜು ತಿನ್ನುವವರು ಕೇಳುವುದಿಲ್ಲ. ಟೆರಿ ಆಗಲೇ ಫೋನು ಹೊರಗೆ ತೆಗೆದಿದ್ದ. ಗುನ್ನರ್ ಹಿಂಗಾಲು ಹಿಡಿಯಲು ಬಗ್ಗಿದ್ದ.

ಆಗ ಜಿಂಕೆ ಎದ್ದು ನಿಂತಿತು. ಮೈ ಕೊಡವಿತು. ನಿದ್ದೆಗೆಡಿಸಿದವರನ್ನು ನೋಡುವಂತೆ ಎಲ್ಲರನ್ನೂ ಒಮ್ಮೆ ನೋಡಿ, ತಂತಿ ಬೇಲಿ ಹಾರಿ ಎದುರಿನ ಹೊಲಕ್ಕೆ ನಡೆದುಹೋಯಿತು. ಪಿಕಪ್ ಮಾತ್ರ ಏಳಲಿಲ್ಲ.

"ನೀನು ಬೆಳಿಗ್ಗೆನೇ ಕಾಡಿಗೆ ಹೋಗಿದ್ದೀಯ ಅಂದ್ಕೊಂಡಿದ್ದೆ," ಎಂದಳು ಕೊರೀನ್.

"ಹೊರಟಿದ್ದೆ," ಎಂದ ಆರ್ಲೋ.

ಮರುದಿನ ಬೆಳಿಗ್ಗೆ, ಗಾಡಿ ಇನ್ನು ರಿಪೇರಿಯಾಗದು ಎಂದು ಮೆಕ್ಯಾನಿಕ್ ಹೇಳಿ ಹೋದ ಮೇಲೆ, ಬಾಗಿಲು ಬಡಿದ ಸದ್ದಾಯಿತು. ಗುನ್ನರ್ ಮತ್ತು ಟೆರಿ ಮೆಟ್ಟಿಲ ಮೇಲೆ ನಿಂತಿದ್ದರು. ಬದುಕಿನಲ್ಲಿ ಮೊದಲ ಬಾರಿಗೆ ಆರ್ಲೋ ಇಲ್ಲ ಎನ್ನಲು ಬಾಯಿ ತೆರೆದ.

"ಒಳಗೆ ಬನ್ನಿ, ಕಾಫಿ ಆಗಿದೆ," ಎಂದು ಹಿಂದಿನಿಂದ ಕೊರೀನ್ ಕರೆದಳು. ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ನಾನೇ ಬರಹೇಳಿದೆ. ಹೊಸ ಗಾಡಿ ತಗೋಬೇಕಲ್ಲ. ನೀನೊಬ್ಬನೇ ಹೋದರೆ ಯಾರನ್ನೂ ಕೇಳದೆ ಏನಾದರೂ ತಂದುಬಿಡ್ತೀಯ."

"ಹಳೇದು ತಗೋಬೇಕು. ಹೊಸ ಗಾಡಿಯೆಲ್ಲ ಪ್ಲಾಸ್ಟಿಕ್ಕು," ಎಂದು ಗುನ್ನರ್ ಕುರ್ಚಿ ಎಳೆದುಕೊಂಡ.

ಟೆರಿ ಅಳತೆ ಟೇಪು ಬಿಚ್ಚಿ, ಎದುರಿನ ಕುರ್ಚಿಯಲ್ಲಿ ಕೂತ ಆರ್ಲೋನ ಮುಂದೆ ಮಂಡಿಯೂರಿದ. "ಪೆಡಲು ಎಟುಕಬೇಕಲ್ಲ. ಮೊದಲು ನಿನ್ನ ಕಾಲಿನ ಉದ್ದ ನೋಡೋಣ."

ಆರ್ಲೋ ಎರಡು ಕಾಲನ್ನೂ ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡ.