ಮೇ ತಿಂಗಳ ಅಗ್ಗದ ವಾರ

ರೂಮು ತೋರಿಸುವ ಕೆಲಸ ಹಿಡಿದವನು ನಗೆಗಾಗಿ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಬಾಗಿಲು ತೆಗೆದು ಪಕ್ಕಕ್ಕೆ ನಿಂತರೆ ಸಾಕು, ಒಳಗೆ ಬಂದವರೆಲ್ಲ ಒಂದೊಂದು ಮಾತು ಬಿಟ್ಟು ಹೋಗುತ್ತಾರೆ. ನಾನು ಮಾತ್ರ ಆಗ ನಗುವ ಸ್ಥಿತಿಯಲ್ಲಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಸರ್ಜಾಪುರದ ಆಚೆ, ರಾಗಿ ಹೊಲಕ್ಕೂ ನೀಲಗಿರಿ ತೋಪಿಗೂ ನಡುವೆ, ಬೊಂಬಾಯಿಯ ಕಂಪನಿಯೊಂದು ರೆಸಾರ್ಟ್ ಕಟ್ಟಿತು. ರೆಸಾರ್ಟ್ ಅನ್ನುವ ಮಾತೇ ನಮ್ಮ ಕಡೆ ಹೊಸದು, ಅದರ ಮೇಲೆ ಟೈಮ್‌ಶೇರ್ ಅಂತ ಇನ್ನೊಂದು. ಅರ್ಥ ಇಷ್ಟೇ: ಒಂದು ಸಲ ದುಡ್ಡು ಕೊಟ್ಟರೆ ರೂಮು ವರ್ಷಕ್ಕೊಂದು ವಾರ ನಿಮ್ಮದು, ಜೀವನಪರ್ಯಂತ. ಮಿಕ್ಕ ವಾರಗಳು ಬೇರೆಯವರವು. ಇದಲ್ಲದೆ ಪ್ರತಿ ವರ್ಷ ಮೇಂಟೆನೆನ್ಸ್ ಅಂತ ಒಂದಿಷ್ಟು ಕಟ್ಟಬೇಕು. ಆ ಮಾತು ಬಂದಾಗ ಮುಗುಳ್ನಕ್ಕು "ಏನೂ ಅಲ್ಲ ಸಾರ್, ಕಟ್ಟಿದ್ದೇ ಗೊತ್ತಾಗಲ್ಲ" ಅನ್ನಬೇಕು ಅಂತ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ.

ಪ್ರತಿ ಭಾನುವಾರ ಪೀಣ್ಯದ ಕಡೆಯ ಕಾರ್ಖಾನೆಗಳ ಜನರನ್ನು ಕರೆತರಲು ಕಂಪನಿ ಖರ್ಚಿನಲ್ಲಿ ಒಂದು ಬಸ್ಸು. ಗಂಡ ಹೆಂಡತಿ ಇಬ್ಬರೂ ಬರಬೇಕು, ರೂಮು ನೋಡಬೇಕು, ಅಭಿಪ್ರಾಯ ಹೇಳಬೇಕು, ಊಟ ಮಾಡಬೇಕು. ಬಂದವರು ನಾಲ್ಕನ್ನೂ ಪ್ರಾಮಾಣಿಕವಾಗಿ ಮಾಡುತ್ತಿದ್ದರು. ಐದನೆಯದು, ಅಂದರೆ ಕೊಳ್ಳುವುದು, ಯಾರಿಗೂ ಹೊಳೆಯುತ್ತಿರಲಿಲ್ಲ.

ನನ್ನ ಕಷ್ಟ ಏನೆಂದರೆ, ನಾನು ಬಾಗಲಗುಂಟೆಯಲ್ಲಿ ಹುಡುಗಿ ನೋಡಿ ಬಂದಿದ್ದೆ. ನಾನು ಒಪ್ಪಿದ್ದೆ, ಹುಡುಗಿ ಒಪ್ಪಿದ್ದಳು, ಜಾತಕಗಳೂ ಒಪ್ಪಿದ್ದವು. ಒಪ್ಪದವರು ಒಬ್ಬರೇ, ಹುಡುಗಿಯ ತಂದೆ. ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್. "ಪರ್ಮನೆಂಟ್ ಆಗ್ಲಿ, ಆಮೇಲೆ ನೋಡೋಣ" ಅಂದಿದ್ದರು. ನಮ್ಮ ಮ್ಯಾನೇಜರ್ ಬೊಂಬಾಯಿಯವರು. ಅವರ ಮಾತು ಇನ್ನೂ ಚಿಕ್ಕದು: "ಒಂದೇ ಒಂದು ವಾರ ಮಾರು, ಪರ್ಮನೆಂಟ್ ಮಾಡ್ತೀನಿ." ಹೀಗೆ ನನ್ನ ಮದುವೆ ಪೂರ್ತಿಯಾಗಿ, ಯಾರೂ ಕೊಳ್ಳದ ಆ ರೂಮಿನ ಮೇಲೆ ನಿಂತಿತ್ತು.

ಕಾಲಿಗೆ ದೀಪ

ಮೊದಲ ಭಾನುವಾರ ಮೊದಲು ಒಳಗೆ ಬಂದ ಹೆಂಗಸು ಮಂಚ ನೋಡಿ ಅಲ್ಲೇ ನಿಂತರು. "ಇದೇನ್ರೀ ಇದು, ತಲೆ ಉತ್ತರಕ್ಕೆ ಬರುತ್ತಲ್ರೀ?"

ಮಂಚದ ತಲೆಭಾಗವನ್ನು ಉತ್ತರದ ಗೋಡೆಗೆ ಸೇರಿಸಿ ಅಲ್ಲಾಡದ ಹಾಗೆ ಬಡಿದಿದ್ದರು. ಮಲಗಿದಲ್ಲಿಂದಲೇ ಎದುರು ಕಿಟಕಿಯಲ್ಲಿ ಕೆರೆ ಕಾಣಬೇಕು ಅನ್ನುವುದು ಡಿಸೈನ್ ಮಾಡಿದವನ ಆಸೆ. "ಕೆರೆ ಕಾಣುತ್ತೆ ಮೇಡಂ" ಅಂದೆ. "ಉತ್ತರಕ್ಕೆ ತಲೆ ಹಾಕಿದ್ರೆ ಕೆರೆ ಯಾಕೆ, ಯಮನೇ ಕಾಣ್ತಾನೆ" ಅಂದು ಅವರು ಊಟಕ್ಕೆ ಹೋದರು. ಹಿಂದಿದ್ದವರೆಲ್ಲ ಹೊಸ್ತಿಲಿನಿಂದಲೇ ಇಣುಕಿ ಅವರನ್ನು ಹಿಂಬಾಲಿಸಿದರು.

ಸೋಮವಾರ ಮ್ಯಾನೇಜರಿಗೆ ವರದಿ ಒಪ್ಪಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ದಿಂಬನ್ನು ಇನ್ನೊಂದು ತುದಿಗೆ ಹಾಕಿಸಿದರು. ಈಗ ತಲೆ ದಕ್ಷಿಣಕ್ಕೆ ಬಂತು. ಆದರೆ ಓದುವುದಕ್ಕೆಂದು ಗೋಡೆಗೆ ಹಾಕಿದ್ದ ಪುಟ್ಟ ದೀಪ ಕಾಲ ಹತ್ತಿರ ಉಳಿಯಿತು. ಮುಂದಿನ ವಾರ ಬಂದ ಅಜ್ಜಿಯೊಬ್ಬರು ಕೇಳಿಯೇ ಬಿಟ್ಟರು, "ಕಾಲಿಗ್ಯಾಕಪ್ಪಾ ದೀಪ?"

"ರಾತ್ರಿ ಎದ್ರೆ ಚಪ್ಪಲಿ ಹುಡುಕೋದಕ್ಕೆ ಅನುಕೂಲ ಆಗ್ಲಿ ಅಂತ ಅಜ್ಜಿ" ಅಂದೆ.

ಅಜ್ಜಿ ದೀಪವನ್ನು ಹಚ್ಚಿ ಆರಿಸಿ ನೋಡಿದರು. "ಇಡೀ ರೂಮಲ್ಲಿ ತಲೆ ಓಡ್ಸಿ ಮಾಡಿರೋದು ಇದೊಂದೇ" ಅಂದರು.

ನೆನೆಹಾಕುವ ತೊಟ್ಟಿ

ಸ್ನಾನದ ಮನೆಯಲ್ಲಿ ಬಿಳಿಯ ಟಬ್ಬು ಇತ್ತು. ಮ್ಯಾನೇಜರಿಗೆ ಅದರ ಮೇಲೆ ಪ್ರಾಣ. "ಅದನ್ನು ಕೊನೆಗೆ ತೋರಿಸು, ಅಲ್ಲೇ ಸೈನ್ ಮಾಡ್ತಾರೆ" ಅನ್ನುತ್ತಿದ್ದರು.

ಲಗ್ಗೆರೆಯಿಂದ ಬಂದಿದ್ದ ದಂಪತಿಗೆ ಕೊನೆಗೇ ತೋರಿಸಿದೆ. ಹೆಂಡತಿಯ ಮುಖ ಅರಳಿತು. "ರೀ, ಇದನ್ನ ನೋಡ್ರೀ! ನೀರು ಬರದೇ ಇರೋ ದಿನಕ್ಕೆ ಎಷ್ಟೊಂದು ತುಂಬಿಟ್ಕೋಬಹುದು!" ಗಂಡ ಬಗ್ಗಿ ನೋಡಿ, "ಲೇ, ಕೆಳಗೆ ತೂತಿದೆ ಕಣೇ" ಅಂದ.

ನಾನು ಸಮಾಧಾನವಾಗಿ ವಿವರಿಸಿದೆ. ಇದು ನೀರು ತುಂಬಿಡುವ ತೊಟ್ಟಿಯಲ್ಲ. ಬೆಚ್ಚಗಿನ ನೀರು ಬಿಟ್ಟುಕೊಂಡು, ಒಳಗೆ ಮಲಗಿ, ಅರ್ಧ ಗಂಟೆ ಹಾಗೇ ನೆನೆಯಬೇಕು. ಮೈ ಹಗುರ ಆಗುತ್ತದೆ.

ಆಕೆ ನನ್ನನ್ನೂ ಟಬ್ಬನ್ನೂ ಮತ್ತೆ ಗಂಡನನ್ನೂ ನೋಡಿದರು. "ಅವರೆಕಾಳು ನೆನೆಹಾಕ್ದಂಗೆ ಇವರನ್ನ ನೆನೆಹಾಕೋದಾ? ಆಮೇಲೆ ಸಿಪ್ಪೆ ಹಿತುಕೋರು ಯಾರು?"

ಹತ್ತಿರವಾದದ್ದೇ ತಪ್ಪು

ಒಬ್ಬರಿಗೆ ಮಾತ್ರ ರೂಮು ಹಿಡಿಸಿತು. ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದವರು. ಮಂಚದ ಮೇಲೆ ಕೂತು ನೋಡಿದರು, ಫ್ಯಾನು ಹಾಕಿಸಿದರು, ಬೆಲೆ ಕೇಳಿಯೂ ಬೆಚ್ಚಲಿಲ್ಲ. ನನ್ನ ಕಣ್ಣ ಮುಂದೆ ಬಾಗಲಗುಂಟೆಯ ಹುಡುಗಿ ಹೊಸ್ತಿಲ ಮೇಲಿನ ಸೇರಕ್ಕಿ ಒದೆಯುತ್ತಿದ್ದಳು.

"ಎಲ್ಟಿಸಿ ಕೊಡ್ತಾರಾ ಇದಕ್ಕೆ?" ಅಂದರು. ಎಲ್ಟಿಸಿ ಅಂದರೆ ರಜೆಯಲ್ಲಿ ಊರು ಸುತ್ತಲು ಕಾರ್ಖಾನೆ ಕೊಡುವ ಪ್ರಯಾಣದ ಖರ್ಚು. ಆ ಜನಕ್ಕೆ ಸಂಬಳಕ್ಕಿಂತ ಅದರ ಮೇಲೆ ಮಮತೆ ಹೆಚ್ಚು.

"ಸಾರ್, ನಿಮ್ಮನೆಯಿಂದ ಇಲ್ಲಿಗೆ ಬಸ್ಸಲ್ಲೇ ಬರ್ಬೋದಲ್ಲ ಸಾರ್. ಪ್ರಯಾಣ ಅಂತ ಏನಿದೆ?"

"ಅದೇ ಕಣ್ರೀ ತೊಂದ್ರೆ. ಎಲ್ಲಾ ಸರಿಯಾಗಿ ಮಾಡಿ, ಕಟ್ಟೋದು ಹತ್ರ ಕಟ್ಬಿಟ್ಟಿದೀರ." ಎದ್ದು ಬಾಗಿಲ ತನಕ ಹೋದವರು ತಿರುಗಿ ನಿಂತರು. ಮುಖದಲ್ಲಿ ಆಸೆ ಇನ್ನೂ ಸತ್ತಿರಲಿಲ್ಲ. "ಬಸ್ಸನ್ನ ಕನ್ಯಾಕುಮಾರಿ ಮೇಲೆ ತರೋಕಾಗಲ್ವಾ?"

ಟೈ ಕಟ್ಟಿದವರು

ರೆಸಾರ್ಟಿಗೆ ಜಮೀನು ಮಾರಿದ ಗೌಡರು ಒಂದು ದಿನ ತಾವಾಗಿಯೇ ಬಂದರು. ಜಮೀನು ಮಾರಿದ ದುಡ್ಡಿನಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು, ದುಡ್ಡಿಗೇನೂ ಕೊರತೆಯಿರಲಿಲ್ಲ. ನಾನು ಬಹಳ ಉತ್ಸಾಹದಿಂದ ರೂಮೆಲ್ಲ ತೋರಿಸಿದೆ. "ಇಲ್ಲಿ ನಮ್ ಎಮ್ಮೆ ಕಟ್ತಿದ್ದೋ" ಅಂದರು, ಸೋಫಾ ಇದ್ದ ಜಾಗ ತೋರಿಸಿ. ಬೆಲೆ ಹೇಳಿದೆ.

"ಎಕರೆಗಾ?"

"ಅಲ್ಲ ಯಜಮಾನ್ರೇ, ರೂಮಿಗೆ. ವರ್ಷಕ್ಕೊಂದು ವಾರ."

"ಮಿಕ್ಕಿದ್ ವಾರ?"

"ಅವನ್ನ ಬೇರೆಯವರಿಗೆ ಮಾರ್ತೀವಿ. ಒಬ್ಬೊಬ್ಬರಿಗೆ ಒಂದೊಂದು ವಾರ."

ಗೌಡರು ಬೆರಳು ಮಡಿಸುತ್ತಾ ಹೋದರು, ಬೆರಳು ಮುಗಿದವು, ಅಲ್ಲಿಗೆ ನಿಲ್ಲಿಸಿದರು. "ಅಂಗಾರೆ ಇದೊಂದೇ ರೂಮ್ನ ಐವತ್ತು ಜನಕ್ ಮಾರ್ತೀರಾ?"

"ಹೆಚ್ಚುಕಮ್ಮಿ ಅಷ್ಟೇ" ಅಂದೆ.

ಅವರು ನನ್ನ ಟೈಯನ್ನು ತುದಿಯಿಂದ ಗಂಟಿನ ತನಕ ನಿಧಾನವಾಗಿ ನೋಡಿದರು. "ನಮ್ ಭಾವಮೈದ ಒಂದ್ ಸೈಟ್ನ ಇಬ್ರಿಗ್ ಮಾರ್ದ ಅಂತ ಇವತ್ಗೂ ಕೋರ್ಟಿಗ್ ಅಲೀತಾವ್ನೆ. ಪಾಪ, ಅವ್ನಿಗೆ ಟೈ ಕಟ್ಕೋಬೇಕು ಅಂತ ಯಾರೂ ಏಳ್ಕೊಡ್ಲಿಲ್ಲ."

ಚಿನ್ನ, ಬೆಳ್ಳಿ, ಹಿತ್ತಾಳೆ

ವಾರಗಳಿಗೆಲ್ಲ ಒಂದೇ ಬೆಲೆಯಲ್ಲ. ಮ್ಯಾನೇಜರ್ ಬೊಂಬಾಯಿಯಿಂದಲೇ ಗೋಡೆಗೆ ತೂಗುಹಾಕುವ ಪಟ್ಟಿ ಮಾಡಿಸಿ ತಂದಿದ್ದರು. ಡಿಸೆಂಬರ್ ಕೊನೆ ಚಿನ್ನದ ವಾರ, ಎಲ್ಲಕ್ಕಿಂತ ದುಬಾರಿ. ನಮ್ಮವರಿಗೆ ಅದು ಧನುರ್ಮಾಸ, ಹೊಸ ಮನೆಯ ಹೊಸ್ತಿಲು ದಾಟುವ ಕಾಲವೇ ಅಲ್ಲ. ಎಲ್ಲಕ್ಕಿಂತ ಅಗ್ಗ ಮೇ ತಿಂಗಳು. ಬೊಂಬಾಯಿಯಲ್ಲಿ ಮೇ ಅಂದರೆ ಬೆಂಕಿ, ಹಾಗಾಗಿ ಸರ್ಜಾಪುರದಲ್ಲೂ ಬೆಂಕಿಯೇ ಇರಬೇಕು ಅನ್ನುವುದು ಅವರ ತೀರ್ಮಾನ. ಪಟ್ಟಿಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ನಾವು ನಾವೇ ಹಿತ್ತಾಳೆ ವಾರ ಅನ್ನುತ್ತಿದ್ದೆವು. ಜುಲೈ ಬೆಳ್ಳಿ. ಮೋಡ, ತಣ್ಣನೆ ಗಾಳಿ, ಜಿಟಿಜಿಟಿ ಹನಿ. ಅದಕ್ಕೆ ಮ್ಯಾನೇಜರ್ ಹನಿಮೂನ್ ವಾರ ಅಂತ ಹೆಸರಿಟ್ಟು, ಬಾಗಿಲಿಗೆ ಎರಡು ಪಾರಿವಾಳದ ಚಿತ್ರ ಬರೆಸಿದರು.

ಜುಲೈ ಅಂದರೆ ಆಷಾಢ, ಹೊಸ ಸೊಸೆಯನ್ನು ತೌರಿಗೆ ಕಳಿಸುವ ತಿಂಗಳು ಸಾರ್ ಅಂತ ಹೇಳಿ ನೋಡಿದೆ. ಅವರು ಕೇಳಲಿಲ್ಲ. ಸರಿ, ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಬಸ್ಸಿನಲ್ಲಿ ಕರೆತಂದೆ. ಜೊತೆಗೆ ಹುಡುಗನ ತಾಯಿಯೂ ಬಂದರು. ಮ್ಯಾನೇಜರ್ ಖುದ್ದಾಗಿ ನಿಂತು, ಬೆಳ್ಳಿ ವಾರ, ಹನಿಮೂನು, ವಿಶೇಷ ಬೆಲೆ ಅಂತ ವರ್ಣಿಸಿದರು, ನಾನು ಕನ್ನಡದಲ್ಲಿ ಹೇಳಿದೆ. ಹುಡುಗ ಹುಡುಗಿ ನೆಲ ನೋಡುತ್ತಿದ್ದರು.

ತಾಯಿ ಎಲ್ಲ ಕೇಳಿಸಿಕೊಂಡು ಶಾಂತವಾಗಿ ಅಂದರು, "ಆಷಾಢದಲ್ಲಿ ಸೊಸೆ ತೌರಲ್ಲಿರ್ತಾಳೆ. ಹನಿಮೂನಿಗೆ ಇವನ ಜೊತೆ ನಾನ್ ಬರ್ಲಾ?"

ಮಾರಾಟ

ತಿಂಗಳುಗಳು ಕಳೆದವು. ಮ್ಯಾನೇಜರ್ ನನ್ನ ಮುಖ ನೋಡುವುದನ್ನು ಬಿಟ್ಟು ಕ್ಯಾಲೆಂಡರ್ ನೋಡತೊಡಗಿದ್ದರು. ಬಾಗಲಗುಂಟೆಯಲ್ಲಿ ಬೇರೆ ಗಂಡು ಹುಡುಕುತ್ತಿದ್ದಾರೆ ಅನ್ನುವ ಸುದ್ದಿ ಕಿವಿಗೆ ಬಿತ್ತು. ಅವತ್ತು ನಿಜವಾಗಿ ಅಳು ಬಂತು.

ಆ ಭಾನುವಾರವೇ ಬಸ್ಸಿನ ಕೊನೆಯ ಸೀಟಿನಲ್ಲಿ ಫೋರ್‌ಮನ್ ಕೂತಿದ್ದರು, ಹೆಂಡತಿ ಸಮೇತ. ನನ್ನ ಗುರುತೇ ಇಲ್ಲದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ನಾನೂ ಗುರುತಿಲ್ಲದವನ ಹಾಗೆ ಇದ್ದೆ.

ರೂಮಿಗೆ ಬಂದವರೇ ಬಾಗಿಲಿನ ಅಂಚಿಗೆ ಬೆರಳಾಡಿಸಿ, "ಇದು ಮಳೆಗಾಲದಲ್ಲಿ ಹಿಡ್ಕೊಳ್ಳುತ್ತೆ" ಅಂದರು. ನಲ್ಲಿ ತಿರುಗಿಸಿ, "ವಾಷರ್ ಸರಿಯಿಲ್ಲ" ಅಂದರು. ಅವರ ಹೆಂಡತಿ ಸ್ನಾನದ ಮನೆ ಯಾವ ಮೂಲೆಯಲ್ಲಿದೆ ಅಂತ ಲೆಕ್ಕ ಹಾಕಿ ದಂಗಾದರು. "ಈಶಾನ್ಯ! ದೇವರ ಮೂಲೆಯಲ್ಲಿ ಕಕ್ಕಸು ಇಟ್ಟವನು ಯಾರು?"

"ಬೊಂಬಾಯಿಯ ಆರ್ಕಿಟೆಕ್ಟ್ ಅಮ್ಮಾ."

"ಅವನಿಗೆ ತಾಯಿ ಇಲ್ವಾ?"

ಹುಡುಗಿಯ ಆಸೆ ಅಲ್ಲಿಗೆ ಬಿಟ್ಟೆ. ಫೋರ್‌ಮನ್ ಮಾತ್ರ ರೂಮಿನಿಂದ ಹೊರಗೆ ಬಂದು ಹುಲ್ಲುಹಾಸಿನ ಮುಂದೆ ನಿಂತರು. ಆ ತುದಿಯಿಂದ ಈ ತುದಿಗೆ ನಡೆದರು. ಗೇಟಿನ ಹೊರಗೆ ಬಸ್ಸು ನಿಲ್ಲುವ ಜಾಗ ನೋಡಿದರು. ಆಮೇಲೆ ಗೋಡೆಯ ಪಟ್ಟಿಯ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡರು.

"ಮೇ ತಿಂಗಳು ಯಾಕೆ ಇಷ್ಟು ಅಗ್ಗ?"

"ಬಿಸಿಲು ಅಂತ ಸಾರ್."

"ನಮ್ಮನ್ನ ನೋಡೋಕೆ ನೆಂಟರು ಬಂದ್ರೆ ಒಳಗೆ ಬಿಡ್ತೀರಾ?"

"ಹಗಲು ಹೊತ್ತು ಬರಬಹುದು ಸಾರ್. ರಾತ್ರಿ ಮಾತ್ರ ರೂಮಲ್ಲಿ ನಾಲ್ಕೇ ಜನ."

"ಹಗಲು ಹೊತ್ತು ಎಷ್ಟು ಜನ?"

"ಎಷ್ಟು ಜನ ಆದ್ರೂ ಸಾರ್" ಅಂದೆ. ನಿಯಮದಲ್ಲಿ ಅದರ ಮಾತೇ ಇರಲಿಲ್ಲ.

"ಬೇರೆ ಖರ್ಚು?"

"ವರ್ಷಕ್ಕೊಂದ್ಸಲ ಮೇಂಟೆನೆನ್ಸ್ ಅಂತ." ಅಭ್ಯಾಸಬಲದಿಂದ ಮುಗುಳ್ನಗೆ ತಾನಾಗಿ ಬಂತು. "ಏನೂ ಅಲ್ಲ ಸಾರ್, ಕಟ್ಟಿದ್ದೇ ಗೊತ್ತಾಗಲ್ಲ."

ಅವರು ನನ್ನನ್ನೇ ಒಂದು ಕ್ಷಣ ನೋಡಿ, ಜೇಬಿನಿಂದ ಪೆನ್ನು ತೆಗೆದು, ಮೇ ತಿಂಗಳ ಒಂದು ವಾರಕ್ಕೆ ಸಹಿ ಹಾಕಿದರು.

ಮಾರನೆಯ ದಿನ ಮ್ಯಾನೇಜರ್ ನನ್ನನ್ನು ಪರ್ಮನೆಂಟ್ ಮಾಡಿದರು. ಸಂಜೆಯೇ ಸ್ವೀಟು ತೆಗೆದುಕೊಂಡು ಬಾಗಲಗುಂಟೆಗೆ ಓಡಿದೆ. ಫೋರ್‌ಮನ್ ಒಂದು ಪೇಡ ಬಾಯಿಗೆ ಹಾಕಿಕೊಂಡು, "ಮೇ ತಿಂಗಳಲ್ಲೇ ಒಳ್ಳೆ ಮುಹೂರ್ತ ಇದೆ. ಊರಲ್ಲಿರೋ ಛತ್ರ ಎಲ್ಲಾ ಭರ್ತಿ, ಬಾಡಿಗೆ ಕೇಳಿದ್ರೆ ಎದೆ ಒಡೆಯುತ್ತೆ" ಅಂದರು.

"ಹಾಗಾದ್ರೆ ಎಲ್ಲಿ ಸಾರ್ ಮದುವೆ?"

"ನೀವೇ ತೋರಿಸಿದ್ರಲ್ಲ."

ಮದುವೆಗೆ ಬಸ್ಸುಗಳಲ್ಲಿ ಜನ ಬಂದಿಳಿದರು. ಹುಲ್ಲುಹಾಸಿನ ಮೇಲೆ ಚಪ್ಪರ, ಬ್ಯಾಡ್ಮಿಂಟನ್ ಅಂಕಣದಲ್ಲಿ ಅಡುಗೆಯವರ ಒಲೆ. ಕೋಸಂಬರಿಯ ಹೆಸರುಬೇಳೆ ಟಬ್ಬಿನಲ್ಲಿ ನೆನೆಯುತ್ತಿತ್ತು. ಆ ಟಬ್ಬು ಯಾತಕ್ಕೆ ಎಂಬುದು ಕೊನೆಗೂ ಒಬ್ಬರಿಗೆ ಅರ್ಥವಾಗಿತ್ತು. ವಾಲಗದ ಸದ್ದಿಗೆ ಮ್ಯಾನೇಜರ್ ಓಡಿ ಬಂದು, "ಈ ರೂಮು ನಾಲ್ಕು ಜನಕ್ಕೆ!" ಅಂತ ಕೂಗಿದರು. ಫೋರ್‌ಮನ್ ಕೈ ಮುಗಿದು, "ರೂಮಲ್ಲಿ ಈಗ ನಾಲ್ಕೂ ಜನ ಇಲ್ಲ ಸಾರ್, ಬೇಕಾದ್ರೆ ನೋಡಿ. ಊಟ ಮಾಡ್ಕೊಂಡೇ ಹೋಗ್ಬೇಕು" ಅಂದರು. ಮ್ಯಾನೇಜರ್ ಎರಡನೇ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ಇನ್ನೊಮ್ಮೆ ತುಪ್ಪ ಹಾಕಿಸಿಕೊಂಡರು.

ಧಾರೆಯೆಲ್ಲ ಮುಗಿದು, ಉಡುಗೊರೆ ಕೊಡುವ ಹೊತ್ತು ಬಂತು. ಮಾವನವರು ತಟ್ಟೆಯಲ್ಲಿ ಎಲೆಅಡಿಕೆ, ತೆಂಗಿನಕಾಯಿ, ಅದರ ಮೇಲೆ ರೆಸಾರ್ಟಿನ ಆ ಪತ್ರ ಇಟ್ಟುಕೊಂಡು ಬಂದರು. ನನ್ನ ಹೆಂಡತಿಯ ಕಣ್ಣಲ್ಲಿ ನೀರಾಡಿತು.

"ಮದುವೆ ಒಂದೇ ಸಲ ಅಳಿಯಂದಿರೇ, ಅದು ಆಯ್ತು" ಅಂದರು. "ವಾರ ಮಾತ್ರ ಪ್ರತಿ ವರ್ಷ ಬರುತ್ತಂತೆ. ಇನ್ಮೇಲೆ ಅದು ನಿಮ್ಮದು."

ತಟ್ಟೆ ನನ್ನ ಕೈಗೆ ಬಂದ ಮೇಲೆ, ಕಿವಿಯ ಹತ್ತಿರ ಬಗ್ಗಿ, ನನ್ನದೇ ಮುಗುಳ್ನಗೆ ನಕ್ಕರು.

"ವರ್ಷಕ್ಕೊಂದ್ಸಲ ಮೇಂಟೆನೆನ್ಸ್ ಅಂತ ಇದೆ. ಏನೂ ಅಲ್ಲ, ಕಟ್ಟಿದ್ದೇ ಗೊತ್ತಾಗಲ್ಲ."

ಇವತ್ತಿಗೂ ಕಟ್ಟುತ್ತಿದ್ದೇನೆ. ಗೊತ್ತಾಗುತ್ತಿದೆ.