ಒಂದು ಮೂಟೆ ಅವರೆಕಾಯಿಯ ಉಳಿತಾಯ

ಹಣ ಉಳಿಸುವುದು ಒಂದು ಕಲೆ. ಕೆಲವರಿಗೆ ಅದು ಓದಿನಿಂದ ಬರುತ್ತದೆ, ಕೆಲವರಿಗೆ ಪೆಟ್ಟು ತಿಂದು ಬರುತ್ತದೆ, ನನಗೆ ಮಾತ್ರ ಹುಟ್ಟಿನಿಂದಲೇ ಬಂದಿದೆ ಎಂದು ಹೋದ ಡಿಸೆಂಬರ್‌ವರೆಗೂ ದೃಢವಾಗಿ ನಂಬಿದ್ದೆ. ಮುಗಿದುಹೋದ ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಯಿಂದ ಸೀಳಿ, ಇಡೀ ಮನೆಯವರಿಗೆ ಇನ್ನೊಂದು ವಾರ ಹಲ್ಲುಜ್ಜಿಸುವವಳು ನಾನು. ಸೊಪ್ಪಿನವನ ಹತ್ತಿರ ಚೌಕಾಸಿ ಮುಗಿದ ಮೇಲೂ ಕೊಸರೆಂದು ನಾಲ್ಕೆಸಳು ಕರಿಬೇವು ಹಾಕಿಸಿಕೊಳ್ಳದೆ ಬಿಟ್ಟವಳಲ್ಲ. ಕುರುಬರಹಳ್ಳಿಯ ನಮ್ಮ ರಸ್ತೆಗೆ ಬರುವ ತಳ್ಳುಗಾಡಿಯವರು ನಮ್ಮ ಮನೆ ಬಂದಾಗ ಮಾತ್ರ ಕೂಗು ನಿಲ್ಲಿಸಿ ಬೇಗ ಬೇಗ ದಾಟಿ ಹೋಗುತ್ತಾರೆ. ಅದನ್ನು ನಾನು ನನಗೆ ಸಿಕ್ಕ ಬಿರುದು ಎಂದೇ ತಿಳಿದಿದ್ದೆ.

ಇಂಥ ನನಗೆ ಒಂದು ಆಸೆ ಹುಟ್ಟಿತು. ಸಂಕ್ರಾಂತಿ ಕಳೆದ ಮೇಲೆ ನಮ್ಮ ರಸ್ತೆಯ ಹೆಂಗಸರೆಲ್ಲ ಸೇರಿ ಹಂಪಿಗೆ ಹೋಗುವುದೆಂದು ತೀರ್ಮಾನವಾಯಿತು. ಗಂಡಂದಿರಿಲ್ಲ, ಮಕ್ಕಳಿಲ್ಲ, ಅಡುಗೆಯಿಲ್ಲ! ಒಂದು ಟೆಂಪೋ ಟ್ರಾವೆಲರ್, ಮೂರು ದಿನ. ಎದುರು ಮನೆಯ ಗಿರಿಜಕ್ಕ ಇದರ ಮುಂದಾಳು. ಸೀಟಿಗೆ ನಾಲ್ಕೂವರೆ ಸಾವಿರ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಹಂಪಿಯ ಕಲ್ಲಿನ ರಥವನ್ನು ನೋಡಿದ್ದು ಐವತ್ತು ರೂಪಾಯಿ ನೋಟಿನ ಹಿಂಭಾಗದಲ್ಲಿ ಮಾತ್ರ. ಅದನ್ನೂ ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಂಡು ನೋಡುವ ಭಾಗ್ಯ ನಮ್ಮ ಮನೆಯಲ್ಲಿಲ್ಲ.

ವಿಷಯವನ್ನು ನಮ್ಮ ಯಜಮಾನರ ಗಮನಕ್ಕೆ ತಂದೆ.

"ಹಂಪೀಲಿ ಏನಿದೆ? ಬರೀ ಕಲ್ಲು" ಎಂದರು ಅವರು, ಟಿವಿಯಿಂದ ಕಣ್ಣು ಕೀಳದೆ. "ಕಲ್ಲು ನೋಡೋಕೆ ನಾಲ್ಕೂವರೆ ಸಾವಿರನಾ? ರಾಮನಗರದಲ್ಲಿ ಬೇಕಾದಷ್ಟಿದೆ. ಭಾನುವಾರ ಸ್ಕೂಟರಲ್ಲಿ ಕರ್ಕೊಂಡು ಹೋಗಿ ತೋರಿಸ್ತೀನಿ, ನಡಿ."

"ರೀ, ನಂಗೆ ಹಂಪಿಗೇ ಹೋಗ್ಬೇಕು."

"ಹಾಗಾದ್ರೆ ಮನೆಖರ್ಚಿಗೆ ಕೊಡ್ತೀನಲ್ಲ ಹನ್ನೆರಡು ಸಾವಿರ, ಅದ್ರಲ್ಲಿ ಉಳಿಸ್ಕೋ. ಉಳಿದಿದ್ದೆಲ್ಲ ನಿಂದೇ. ನಾನು ಲೆಕ್ಕಾನೂ ಕೇಳಲ್ಲ."

"ಉಳಿಸಿ ತೋರಿಸ್ತೀನಿ ನೋಡ್ತಾ ಇರಿ! ನಿಮ್ಮ ಒಂದು ಪೈಸಾನೂ ಬೇಡ ನಂಗೆ!"

ಹೀಗೆ ಒಪ್ಪಂದ ಏರ್ಪಟ್ಟಿತು. ಅತ್ತೆಯವರು ಸಾಕ್ಷಿ.

ಅದು ಅವರೆಕಾಯಿ ಕಾಲ. ಬೆಂಗಳೂರಿನವರಿಗೆ ಈ ಕಾಲದಲ್ಲಿ ಬೇರೆ ತರಕಾರಿ ಕಣ್ಣಿಗೆ ಬೀಳುವುದಿಲ್ಲ. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಸಿಪ್ಪೆ ತೆಗೆದ ಬೇಳೆಯನ್ನಂತೂ ಅಂಗಡಿಯವರು ಬಂಗಾರದ ಹಾಗೆ ಅಳೆದು, ಕೆ.ಜಿ.ಗೆ ಮುನ್ನೂರು ಎನ್ನುತ್ತಾರೆ. ಹೀಗಿರುವಾಗ ಒಂದು ಬೆಳಗ್ಗೆ ವಾಕಿಂಗ್ ಹೋದವಳು ಕಾಮಾಕ್ಷಿಪಾಳ್ಯದ ಹತ್ತಿರ ಮಾಗಡಿ ರಸ್ತೆಯ ಬದಿಯಲ್ಲಿ ಅವರೆಕಾಯಿ ತುಂಬಿದ ಟೆಂಪೋ ಒಂದನ್ನು ಕಂಡೆ.

"ಬಿಡಿಯಾಗಿ ಆದ್ರೆ ಅರವತ್ತು ಅಕ್ಕ. ಮೂಟೆ ತಗೊಂಡ್ರೆ ಕೆ.ಜಿ.ಗೆ ಮೂವತ್ತು" ಎಂದ ಮಾರುವವನು.

ಮೂವತ್ತು! ಅಲ್ಲೇ ನಿಂತು ಲೆಕ್ಕ ಹಾಕಿದೆ. ಐವತ್ತು ಕೆ.ಜಿ. ಮೂಟೆ ಸಾವಿರದ ಐನೂರಕ್ಕೆ ಬರುತ್ತದೆ. ಅರ್ಧದಲ್ಲಿ ತಿಂಗಳಿಡೀ ಮನೆಯ ಸಾರು-ಪಲ್ಯ ನಡೆಯುತ್ತದೆ, ತರಕಾರಿ ಖರ್ಚೇ ಇಲ್ಲ. ಇನ್ನರ್ಧವನ್ನು ಹಿತುಕಿ ಬೇಳೆ ಮಾಡಿ, ಅಕ್ಕಪಕ್ಕದವರಿಗೆ ಅಂಗಡಿಗಿಂತ ಐವತ್ತು ಕಡಿಮೆಗೆ ಕೊಟ್ಟರೆ ಅವರಿಗೂ ಉಪಕಾರ, ನನಗೂ ಲಾಭ. ರಸ್ತೆಬದಿಯಲ್ಲಿ ನಿಂತವಳಿಗೆ ಹಂಪಿಯಷ್ಟೇ ಅಲ್ಲ, ಬಾದಾಮಿ, ಪಟ್ಟದಕಲ್ಲುಗಳೂ ಕಾಣಿಸಿದವು. ಫೋನಿನಲ್ಲೇ ಹಣ ಕಳಿಸಿಬಿಟ್ಟೆ.

ಮೂಟೆಯನ್ನು ಹೇಗೆ ಮನೆಗೆ ಒಯ್ಯುವುದು ಎಂಬ ಪ್ರಶ್ನೆ ಹಣ ಕಳಿಸಿದ ಮೇಲೆ ಬಂತು. ಮೂರು ಆಟೋದವರು ಮೂಟೆಯ ಮುಖ ನೋಡಿ ಮುಂದಕ್ಕೆ ಹೋದರು. ನಾಲ್ಕನೆಯವನು ಮೀಟರಿನ ಎರಡರಷ್ಟು ಕೇಳಿದ. ಕೊಟ್ಟೆ. ಮನೆ ಮುಂದೆ ಇಳಿಸಿದವನು, "ಮೇಲಕ್ಕೆಲ್ಲ ಹೊರಲ್ಲ ಆಂಟಿ, ಸೊಂಟ ನೋವು" ಎಂದ. ಅವನ ಸೊಂಟದ ಚಿಕಿತ್ಸೆಗೆ ಇನ್ನೊಂದು ನೂರು ಕೊಟ್ಟೆ. ನೋವು ತಕ್ಷಣ ವಾಸಿಯಾಗಿ, ಮೂಟೆ ಮೊದಲನೇ ಮಹಡಿಯ ನಮ್ಮ ಹಾಲಿಗೆ ಬಂತು.

ಅತ್ತೆಯವರು ಮಾಗಡಿ ಕಡೆಯವರು. ಅವರೆಕಾಯಿಯ ವಿಷಯದಲ್ಲಿ ಸುಪ್ರೀಂ ಕೋರ್ಟು. ಒಂದು ಕಾಯಿ ತೆಗೆದು ಮೂಗಿನ ಹತ್ತಿರ ಹಿಡಿದರು.

"ಸೊಗಡೇ ಇಲ್ವಲ್ಲೇ ವಿಮಲಾ! ಮೂಸಿ ನೋಡ್ದೆ ಮೂಟೆ ತಂದ್ಯಾ?"

ಅವರು ಕೈಯನ್ನು ಮೂಟೆಯ ಆಳಕ್ಕೆ ಹಾಕಿ ಇನ್ನೊಂದು ಕಾಯಿ ಸುಲಿದರು. ಹಸಿರು ಹುಳವೊಂದು ನಿಧಾನವಾಗಿ ಹೊರಗೆ ಬಂದು ನಮ್ಮ ಮನೆಯನ್ನು ಸುತ್ತಲೂ ನೋಡಿತು.

"ಹುಳ ಇದ್ರೆ ಒಳ್ಳೇದೇ ಅಲ್ವಾ ಅತ್ತೆ, ಔಷಧಿ ಹೊಡ್ದಿಲ್ಲ ಅಂತ ಅರ್ಥ" ಎಂದೆ.

"ಹಾಗಾದ್ರೆ ಇದು ಬಾಳಾ ಒಳ್ಳೇ ಮೂಟೆ ಬಿಡು" ಎಂದು ಅವರು ಇನ್ನೂ ನಾಲ್ಕು ಹುಳಗಳನ್ನು ತೋರಿಸಿದರು.

ಸಂಜೆ ಹಾಲಿನಲ್ಲಿ ಪೇಪರ್ ಹಾಸಿ ಎಲ್ಲರನ್ನೂ ಸುಲಿಯಲು ಕೂರಿಸಿದೆ. ಯಜಮಾನರು ಕ್ರಿಕೆಟ್ ನೋಡುತ್ತಾ ಸುಲಿದರು. ಪರಿಣಾಮವಾಗಿ ಕಾಳು ಸಿಪ್ಪೆಯ ರಾಶಿಗೂ, ಸಿಪ್ಪೆ ಕಾಳಿನ ಪಾತ್ರೆಗೂ ಹೋದವು. ವಿಕೆಟ್ ಬಿದ್ದಾಗಲೆಲ್ಲ ಎರಡೂ ನೆಲಕ್ಕೆ ಬಿದ್ದವು. ನಾಗರಬಾವಿಯ ಕಾಲೇಜಿನಲ್ಲಿ ಓದುವ ಮಗಳು ಕಾವ್ಯ ಎರಡನೇ ದಿನಕ್ಕೇ ಸುಸ್ತಾದಳು.

"ಅಮ್ಮಾ, ಕಾಲೇಜ್ ಪಕ್ಕದಲ್ಲೇ ಒಂದು ಪಿಜಿ ಇದೆ. ನಾನು ಅಲ್ಲೇ ಇದ್ಬಿಡ್ತೀನಿ."

"ತಿಂಗಳಿಗೆ ಎಷ್ಟು?"

"ಎಂಟು ಸಾವಿರ."

"ಸುಲಿ."

ಸುಲಿದಷ್ಟೂ ಮೂಟೆ ಹಾಗೇ ಇತ್ತು, ಸಿಪ್ಪೆ ಮಾತ್ರ ಬೆಳೆಯಿತು. ಹುಳಗಳು ಗೋಡೆ, ಪರದೆ, ದೇವರ ಮನೆ ಎಲ್ಲವನ್ನೂ ನೋಡಿ ಮುಗಿಸಿದವು, ಒಂದಂತೂ ಯಜಮಾನರ ಕಾಲರ್ ಮೇಲೆ ಕುಳಿತು ಅವರ ಆಫೀಸಿಗೂ ಹೋಗಿ ಬಂತು. ಕಸದ ಗಾಡಿಯವನು ನಮ್ಮ ಚೀಲಗಳನ್ನು ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡ. "ಅಕ್ಕ, ಇದು ಮನೆ ಕಸ ಅಲ್ಲ, ಮದುವೆ ಛತ್ರದ ಕಸ" ಎಂದ. ಅವನಿಗೂ ದಕ್ಷಿಣೆ ಕೊಟ್ಟು ಕಳಿಸಬೇಕಾಯಿತು.

ಇನ್ನು ನೆನೆಸುವ ಕಾರ್ಯಕ್ರಮ. ಮನೆಯ ಪಾತ್ರೆ, ಕುಕ್ಕರ್, ಡಬ್ಬಿ, ಲೋಟಗಳಲ್ಲೆಲ್ಲ ಕಾಳು ನೀರಿನಲ್ಲಿ ಮುಳುಗಿ ಕುಳಿತವು. ಸ್ನಾನದ ಬಕೆಟ್ಟನ್ನು ಮಾತ್ರ ಬಿಡಬೇಕೆಂದು ಅತ್ತೆಯವರು ಪಟ್ಟು ಹಿಡಿದದ್ದರಿಂದ ಅದೊಂದು ಉಳಿಯಿತು. ಬೆಳಗ್ಗೆ ಯಜಮಾನರು ಕಾಫಿ ಎಂದು ಕುಡಿಯಲು ಎತ್ತಿದ ಲೋಟದಲ್ಲೂ ಅವರೆಕಾಳೇ ಇತ್ತು. ಹಿತುಕುವಾಗ ಬೇಳೆ ಬೆರಳಿನಿಂದ ಹಾರಿ ಫ್ಯಾನಿನ ಮೇಲೆ, ಫ್ರಿಜ್ಜಿನ ಹಿಂದೆ, ಅವರ ಕನ್ನಡಕದ ಒಳಗೆ ಹೋಯಿತು. ನನ್ನ ಹೆಬ್ಬೆರಳು ಊದಿಕೊಂಡು, ಫೋನಿಗೇ ನನ್ನ ಗುರುತು ಸಿಗದೆ ಅದು ತೆರೆದುಕೊಳ್ಳಲು ನಿರಾಕರಿಸಿತು!

ಅಡುಗೆಯೋ? ಅವರೆಕಾಳು ಬಡವರ ಮನೆ ಹುಡುಗಿಯಂತೆ ಕಂಡರೂ ಅದರ ನೆಂಟರೆಲ್ಲ ಶ್ರೀಮಂತರು. ಸಾರಿಗೆ ತೆಂಗಿನಕಾಯಿ ಬೇಕು, ಗಸಗಸೆ ಬೇಕು. ಉಪ್ಪಿಟ್ಟಿಗೆ ತುಪ್ಪ ಬೇಕು. ರೊಟ್ಟಿಗೆ ಎಣ್ಣೆ ಬೇಕು. ಈಗಿನ ತೆಂಗಿನಕಾಯಿಯ ಬೆಲೆಯಲ್ಲಿ ಮೂಗಿಗಿಂತ ಮೂಗುತಿ ಭಾರವಾಯಿತು. ತಿಂಗಳ ಮಧ್ಯಕ್ಕೇ ಸಿಲಿಂಡರ್ ಖಾಲಿಯಾಯಿತು. ಬೆಳಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಅವರೆಕಾಳು ಹುಳಿ, ರಾತ್ರಿ ಹಿತಕಿದ ಬೇಳೆ ಸಾರು. ವಾರ ಕಳೆಯುವುದರಲ್ಲಿ ಯಜಮಾನರು "ಹಸಿವಿಲ್ಲ" ಎಂದು ತಿಂಡಿ ಬಿಟ್ಟು ಹೊರಡತೊಡಗಿದರು. ಪಾಪ, ಹೊಟ್ಟೆ ಕೆಟ್ಟಿರಬೇಕೆಂದು ಮರುಗಿದೆ. ಆಮೇಲೆ ನೋಡಿದರೆ ದರ್ಶಿನಿಯಲ್ಲಿ ದಿನಾ ಮಸಾಲೆ ದೋಸೆ ಹೊಡೆಯುತ್ತಿದ್ದರು. ಅದರ ದುಡ್ಡನ್ನೂ ನನ್ನಿಂದಲೇ ಕೇಳಿದರು!

"ನಾನ್ಯಾಕೆ ಕೊಡ್ಲಿ?"

"ಬೆಳಗ್ಗೆ ತಿಂಡಿ ಮನೆಖರ್ಚೇ ತಾನೆ? ಒಪ್ಪಂದ ಅಂದ್ರೆ ಒಪ್ಪಂದ."

ಮೈಯೆಲ್ಲ ಉರಿಯಿತು. ಆದರೂ ಕೊಟ್ಟೆ. ಏಕೆಂದರೆ ನನ್ನ ನಿಜವಾದ ಲಾಭ ಇನ್ನೂ ಬರಬೇಕಿತ್ತಲ್ಲ! ಹಿತಕಿದ ಬೇಳೆಯನ್ನು ಡಬ್ಬಿಗಳಿಗೆ ತುಂಬಿ, ಮೊದಲು ಗಿರಿಜಕ್ಕನ ಮನೆಗೆ ಹೋದೆ.

"ಅಯ್ಯೋ, ಎಷ್ಟು ನೀಟಾಗಿ ಹಿತುಕಿದೀಯ! ಎಷ್ಟಾಯ್ತು ಹೇಳು ವಿಮಲಾ" ಎಂದು ಗಿರಿಜಕ್ಕ ಪರ್ಸ್ ತೆಗೆದರು.

ಆಗ ನನ್ನ ಬಾಯಿ ನನ್ನನ್ನು ಕೇಳದೆ, "ಅಯ್ಯೋ, ಬಿಡಿ ಅಕ್ಕ! ಅಕ್ಕಪಕ್ಕದಲ್ಲಿ ದುಡ್ಡೇನು!" ಎಂದಿತು.

ಇದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ. ನಾನು ಬೇಡ ಅನ್ನಬೇಕು. ಅವರು "ಹಾಗೆಲ್ಲ ಆಗಲ್ಲ, ತಗೋ" ಅನ್ನಬೇಕು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಅವರು ನೋಟನ್ನು ಬಲವಂತವಾಗಿ ಕೈಗೆ ತುರುಕಬೇಕು. ನಾನು "ಛೇ, ಏನಕ್ಕ ನೀವು" ಎಂದು ಇಟ್ಟುಕೊಳ್ಳಬೇಕು. ಇಷ್ಟು ಸರಳ.

"ಹಾಗಂತೀಯ? ಸರಿ ಬಿಡು" ಎಂದರು ಗಿರಿಜಕ್ಕ. ಪರ್ಸ್ ಮುಚ್ಚಿತು. ಆ ಜಿಪ್ಪಿನ ಸದ್ದು ನನ್ನ ಎದೆಯಲ್ಲಿ ಕೇಳಿಸಿತು.

ಅವರಿಗೆ ಬಿಟ್ಟಿ ಕೊಟ್ಟ ಮೇಲೆ ಬೇರೆಯವರ ಹತ್ತಿರ ದುಡ್ಡು ಕೇಳುವುದು ಹೇಗೆ? ಸಂಜೆಯೊಳಗೆ ವಿಮಲಾ ಧಾರಾಳಿ ಎಂಬ ಸುದ್ದಿ ರಸ್ತೆಯುದ್ದಕ್ಕೂ ಹರಡಿತು. "ನಮಗೂ ಒಂಚೂರು" ಎಂದು ಮನೆಗೇ ಬಂದರು. ಡಬ್ಬಿಗಳೆಲ್ಲ ಹೊರಟುಹೋದವು. ಆದರೆ ನಮ್ಮ ರಸ್ತೆಯ ಹೆಂಗಸರು ಮರ್ಯಾದಸ್ಥರು. ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸುವವರಲ್ಲ. ಮಾರನೇ ದಿನದಿಂದ ಒಂದೊಂದೇ ತುಂಬಿಕೊಂಡು ವಾಪಸ್ ಬಂದವು. ಒಂದರಲ್ಲಿ ಅವರೆಕಾಳು ಉಪ್ಪಿಟ್ಟು. ಇನ್ನೊಂದರಲ್ಲಿ ಅವರೆಕಾಳು ಅಕ್ಕಿರೊಟ್ಟಿ. ಗಿರಿಜಕ್ಕನ ಡಬ್ಬಿಯಲ್ಲಿ ಹಿತಕಿದ ಬೇಳೆ ಸಾರು!

"ಅಮ್ಮಾ, ಪಿಜಿ ವಿಷಯ..." ಎಂದಳು ಕಾವ್ಯ. ಈ ಸಲ ನನಗೂ ಅವಳ ಜೊತೆ ಹೋಗಿಬಿಡೋಣ ಅನ್ನಿಸಿತು.

ಪಾತ್ರೆಗಳಲ್ಲಿ ಇನ್ನೂ ಉಳಿದಿದ್ದ ಬೇಳೆ ಹುಳಿ ವಾಸನೆ ಹಿಡಿಯುವ ಮುಂಚೆ ಏನಾದರೂ ಮಾಡಬೇಕಿತ್ತು. ಮತ್ತೆ ಎಣ್ಣೆ ತಂದೆ. ಗೋಡಂಬಿ, ಒಣಕೊಬ್ಬರಿ ತಂದೆ. ಹೊಸ ಸಿಲಿಂಡರ್ ಹಾಕಿಸಿ, ಎರಡು ದಿನ ಒಲೆ ಮುಂದೆ ನಿಂತು ಬೇಳೆಯನ್ನೆಲ್ಲ ಕರಿದು ಮಿಕ್ಸ್ಚರ್ ಮಾಡಿದೆ. ದೊಡ್ಡ ಸ್ಟೀಲ್ ಡಬ್ಬದ ತುಂಬ ಆಯಿತು. ಅದು ಚೆನ್ನಾಗಿತ್ತು ಎಂದು ನಾನೇ ಹೇಳಿಕೊಳ್ಳಬಾರದು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅತ್ತೆಯವರು "ಪರ್ವಾಗಿಲ್ಲ" ಎಂದರು. ನಮ್ಮ ಮನೆಯಲ್ಲಿ ಅದು ರಾಜ್ಯೋತ್ಸವ ಪ್ರಶಸ್ತಿಗೆ ಸಮ.

ಅಷ್ಟರಲ್ಲಿ ಸೀಟಿನ ದುಡ್ಡು ಕಟ್ಟುವ ದಿನ ಬಂತು. ಹನ್ನೆರಡು ಸಾವಿರದಲ್ಲಿ ಉಳಿದದ್ದು ಏನೂ ಇಲ್ಲ. ದಿನಸಿ ಅಂಗಡಿಯಲ್ಲಿ ಸಾಲ ಬೇರೆ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಈರುಳ್ಳಿ ಎಂದು ಹೇಳಲು ಕೈಯಲ್ಲಿ ಈರುಳ್ಳಿಯೂ ಇರಲಿಲ್ಲ. ನನಗೆ ನಿಜವಾಗಿಯೂ ಹೋಗಬೇಕಿತ್ತು.

ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಜೇಬಿನಿಂದ ನೋಟು ತೆಗೆದರು.

"ತಗೋ, ಹೋಗ್ಬಾ. ತಿಂಗಳಿಂದ ಒದ್ದಾಡಿದೀಯ."

ಆದರೆ ಒಪ್ಪಂದ, ಆಡಿದ ಮಾತು, ಸ್ವಾಭಿಮಾನ ಎಂಬುದೊಂದಿದೆಯಲ್ಲ! "ನಂಗೇನೂ ಬೇಡ ನಿಮ್ಮ ದುಡ್ಡು" ಎಂದು ಮುಖವನ್ನು ಆ ಕಡೆ ತಿರುಗಿಸಿ, ಕೈಯನ್ನು ಮಾತ್ರ ಸ್ವಲ್ಪ ಈ ಕಡೆಗೆ ಇಟ್ಟುಕೊಂಡು ನಿಂತೆ.

"ನಿನ್ನ ಮಾತಿಗೆ ನಾನ್ಯಾಕೆ ಅಡ್ಡ ಬರ್ಲಿ" ಎಂದು ಅವರು ನೋಟುಗಳನ್ನು ಜೇಬಿಗೆ ಹಾಕಿಕೊಂಡರು. "ಹಟ ಅಂದ್ರೆ ಹೀಗಿರ್ಬೇಕು. ಮೆಚ್ಚಿದೆ ಕಣೇ!"

ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ನನ್ನ 'ಬೇಡ' ಅಂದರೆ ಏನೆಂದು ಗೊತ್ತಿಲ್ಲ!

ದುಡ್ಡು ಕೇಳಲು ಮನೆಗೆ ಬಂದ ಗಿರಿಜಕ್ಕನ ಹತ್ತಿರ ನನಗೆ ಮೈ ಸರಿಯಿಲ್ಲ, ಬರಲಾಗುವುದಿಲ್ಲ ಎಂದೆ. ಅವರು ತುಂಬ ಬೇಜಾರು ಮಾಡಿಕೊಂಡರು. ಆಮೇಲೆ ಅವರ ಕಣ್ಣು ಸ್ಟೀಲ್ ಡಬ್ಬದ ಮೇಲೆ ಬಿತ್ತು. ಒಂದು ಹಿಡಿ ಬಾಯಿಗೆ ಹಾಕಿಕೊಂಡರು.

"ದಾರಿಗೆ ಏನು ತಗೊಂಡು ಹೋಗೋದು ಅಂತಿದ್ವಿ. ಇದನ್ನ ಕೊಟ್ಬಿಡೇ, ಎಲ್ಲರ ಹತ್ರ ಎತ್ತಿ ದುಡ್ಡು ಕೊಡ್ತೀನಿ."

"ದುಡ್ಡೆಲ್ಲ ಯಾಕಕ್ಕ..." ಎಂದಿತು ಬಾಯಿ. ಅದನ್ನು ಹಿಡಿಯಲು ನನ್ನಿಂದ ಆಗಲಿಲ್ಲ.

ಹೊರಟ ದಿನ ಮಧ್ಯಾಹ್ನ ಗಿರಿಜಕ್ಕನ ವಿಡಿಯೋ ಕಾಲ್ ಬಂತು. ಗಾಡಿಯ ತುಂಬ ನಗು, ಹಾಡು, ಎಲ್ಲರ ಬಾಯಲ್ಲೂ ಕುರುಂ ಕುರುಂ ಸದ್ದು. "ವಿಮಲಾ, ನಿನ್ನ ಮಿಕ್ಸ್ಚರ್ ಇಲ್ದಿದ್ರೆ ಈ ಟ್ರಿಪ್ಪೇ ಇಲ್ಲ ಕಣೇ! ನಿನ್ನ ಸೀಟಿಗೆ ಯಾರೂ ಸಿಗ್ಲಿಲ್ಲ. ನೋಡಿಲ್ಲಿ, ಯಾರನ್ನ ಕೂರಿಸಿದೀವಿ ಅಂತ!" ಎಂದು ಫೋನ್ ತಿರುಗಿಸಿದರು.

ಕಿಟಕಿಯ ಪಕ್ಕದ ಸೀಟಿನಲ್ಲಿ ನಮ್ಮ ಮನೆಯ ಸ್ಟೀಲ್ ಡಬ್ಬ ಕುಳಿತಿತ್ತು. ಬೀಳದಿರಲಿ ಎಂದು ಬೆಲ್ಟನ್ನೂ ಹಾಕಿದ್ದರು. ನನ್ನ ಹನ್ನೆರಡು ಸಾವಿರ ಆರಾಮವಾಗಿ ಹಂಪಿಗೆ ಹೋಗುತ್ತಿತ್ತು. ಅದಕ್ಕೆ ಸೀಟು ಸಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕೂರು ಅಂದಾಗ ಅದು ಬೇಡ ಅನ್ನಲಿಲ್ಲ.