ಮೂರನೇ ಮೆಟ್ಟಿಲಿನ ಆಟಗಾರ

ಮಕ್ಕಳನ್ನು ಸಾಕುವ ತಾಯಂದಿರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಬೇರೆಯವರ ಮನೆಯ ಮಕ್ಕಳನ್ನು ಮಾದರಿಗೆಂದು ಕಡ ತಂದುಕೊಳ್ಳುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮಮ್ಮ ಹಿಂದಿನ ಬೀದಿಯ ಶಾನುಭೋಗರ ಮಗಳನ್ನು ತಂದುಕೊಂಡಿದ್ದಳು. ಆ ಹುಡುಗಿ ಕೋಳಿ ಕೂಗುವ ಮುಂಚೆ ಏಳುತ್ತಾಳಂತೆ, ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪುವುದಿಲ್ಲವಂತೆ, ಹಾಗಲಕಾಯಿ ಗೊಜ್ಜನ್ನು ಇನ್ನೊಂದು ಸಲ ಬಡಿಸಿ ಎಂದು ಕೇಳಿ ಹಾಕಿಸಿಕೊಳ್ಳುತ್ತಾಳಂತೆ. ಹತ್ತು ವರ್ಷ ಈ ‘ಅಂತೆ’ಗಳ ಕೆಳಗೇ ಬೆಳೆದೆ. ಮುಂದೆ ಚನ್ನರಾಯಪಟ್ಟಣದ ಒಂದು ಮದುವೆ ಮನೆಯಲ್ಲಿ ಅವಳೇ ಸಿಕ್ಕಿಬಿಟ್ಟಳು. ನಾನು ಬಾಯಿ ತೆರೆಯುವ ಮುಂಚೆ, "ನಮ್ಮಮ್ಮ ನಿನ್ನ ಹೆಸರು ಹೇಳಿ ಹೇಳಿ ನನ್ನ ಪ್ರಾಣ ತೆಗೆದ್ಬಿಟ್ರು ಕಣೇ" ಎಂದು ಅವಳೇ ನನ್ನನ್ನು ಬೈದಳು.

ನಾನು ತಾಯಿಯಾಗುವ ಹೊತ್ತಿಗೆ ಹೊಳೆನರಸೀಪುರದ ಮನೆಮನೆಗೂ ಟೀವಿ ಬಂದಿತ್ತು. ಹಿಂದಿನ ಬೀದಿಗೆ ಹೋಗಿ ಮಾದರಿ ತರುವ ಶ್ರಮ ತಪ್ಪಿತು. ಸಿನಿಮಾದವರು, ಕ್ರಿಕೆಟ್ಟಿನವರು, ಕಿರೀಟ ತೊಟ್ಟ ಸುಂದರಿಯರು, ಎಲ್ಲರೂ ನಡುಮನೆಗೇ ಬಂದು ಹಲ್ಲುಜ್ಜುವುದು ಹೇಗೆ, ತಲೆಗೆ ಏನು ಹಚ್ಚಬೇಕು, ಏನು ಕುಡಿಯಬೇಕು ಎಂದು ನಮ್ಮ ಮಕ್ಕಳಿಗೆ ಹೇಳಿ ಹೋಗುತ್ತಿದ್ದರು. ಇವರು ಯಾವ ಮದುವೆ ಮನೆಯಲ್ಲೂ ಎದುರಿಗೆ ಸಿಕ್ಕಿ ಬಣ್ಣ ಬಯಲು ಮಾಡುವುದಿಲ್ಲ. ಅದೂ ದೇವರ ದಯೆಯೇ ಎಂದುಕೊಂಡಿದ್ದೆ. ದೇವರ ದಯೆಯನ್ನು ಎಣಿಸುವುದು ನನ್ನ ಅಭ್ಯಾಸ. ಆಗಾಗ ಒಂದೆರಡು ಹೆಚ್ಚಾಗಿ ಎಣಿಸಿಬಿಡುತ್ತೇನೆ.

ನನ್ನ ಮಗಳು ಸಿಂಧುವಿಗೆ ಆಗ ಹನ್ನೊಂದು. ತರಗತಿಗೆಲ್ಲ ಕುಳ್ಳಿ ಅವಳೇ. ಪ್ರಾರ್ಥನೆಯ ಸಾಲಿನಲ್ಲಿ ಮೊದಲನೆಯವಳು. ಶಾಲೆಯ ಗುಂಪು ಫೋಟೋದಲ್ಲಿ ಸ್ಲೇಟು ಹಿಡಿದು ನೆಲದ ಮೇಲೆ ಕೂರುವವಳೂ ಪ್ರತಿ ವರ್ಷ ಅವಳೇ. ಆ ಜೂನ್‌ನಲ್ಲಿ ಥ್ರೋಬಾಲ್ ಟೀಮಿಗೆ ಸೇರಲು ಹೋದಾಗ ಆಟದ ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿ, ಆ ನೋಟಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲವೆನ್ನಿ, "ಮುಂದಿನ ವರ್ಷ ಬಾರಮ್ಮ, ಸ್ವಲ್ಪ ಬೆಳ್ಕೊಂಡು" ಎಂದರಂತೆ. ಮನೆಗೆ ಬಂದವಳು ಅಳಲಿಲ್ಲ. ಕನ್ನಡಿಯ ಮುಂದೆ ತುದಿಗಾಲಲ್ಲಿ ನಿಂತು ನೋಡಿಕೊಂಡಳು, ಇಳಿದಳು, ಮತ್ತೆ ನಿಂತಳು. ಅತ್ತಿದ್ದರೆ ವಾಸಿಯಿತ್ತು.

ಅವಳು ಎತ್ತರವನ್ನಾದರೂ ಎಲ್ಲಿಂದ ತಂದಾಳು? ನಾನು ನಾಲ್ಕಡಿ ಹತ್ತಿಂಚು, ಅದೂ ತುರುಬು ಸೇರಿಸಿ. ನಮ್ಮತ್ತೆ ನನ್ನ ಭುಜಕ್ಕೆ ಬರುತ್ತಾರೆ. ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ನಮ್ಮವರು ದಿನಾ ಹೋಗಿಬರುವ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಬೇಕಾದರೆ ಹಿಮ್ಮಡಿ ಎತ್ತಬೇಕು. ನಮ್ಮ ವಂಶದಲ್ಲಿ ಎತ್ತರವಾಗಿದ್ದದ್ದು ಅಟ್ಟ ಒಂದೇ. ಇದನ್ನು ಮಗುವಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ಟೀವಿಯಲ್ಲಿ ಅವನು ಬಂದ.

ದೊಡ್ಡ ಕ್ರಿಕೆಟ್ ಆಟಗಾರ. ಹೆಸರು ಬೇಡ. ಹೆಗಲ ಮೇಲೆ ಬ್ಯಾಟು, ಕೈಯಲ್ಲಿ ಹಾಲಿನ ಲೋಟ, ಮೇಲ್ದುಟಿಯ ಮೇಲೆ ನೊರೆಯ ಮೀಸೆ. ಹಾಲಿಗೆ ಒಂದು ಕಂದು ಪುಡಿ ಬೆರೆಸಿಕೊಂಡು ದಿನಕ್ಕೆ ಎರಡು ಲೋಟ ಕುಡಿದೇ ತಾನು ಹೀಗೆ ಬೆಳೆದೆ ಎಂದು ಅವನು ಹೇಳಿದ. ಸಿಂಧು ಮೊದಲೇ ಅವನ ಭಕ್ತೆ. ಅವನು ಔಟಾದ ದಿನ ಊಟ ಬಿಡುವವಳು. ಅಲ್ಲಿಯವರೆಗೆ ನನ್ನ ಕಣ್ಣು ತಪ್ಪಿಸಿ ಹಾಲನ್ನು ತುಳಸಿಕಟ್ಟೆಗೆ ಸುರಿದು ತುಳಸಿಯನ್ನೇ ಬಾಡಿಸಿದ್ದ ಹುಡುಗಿ, ಮಾರನೆಯ ದಿನದಿಂದ ಲೋಟದ ತಳ ಕಾಣುವವರೆಗೆ ಕುಡಿಯತೊಡಗಿದಳು. ನಾನು ಟೀವಿಯ ಕಡೆಗೆ ತಿರುಗಿ ಕೈ ಮುಗಿದೆ.

ತಿಂಗಳ ಮೊದಲನೇ ಭಾನುವಾರ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅವಳನ್ನು ಒರಗಿಸಿ, ನೆತ್ತಿಯ ಮೇಲೆ ಸ್ಕೇಲಿಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯುವುದು ನನ್ನ ಕೆಲಸ. ಇಲ್ಲೊಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಜುಲೈನಲ್ಲಿ ಸ್ಕೇಲು ಜೂನ್‌ನ ಗೆರೆಯ ಮೇಲೇ ಕೂತಿತು. ಕೂದಲೆಳೆಯಷ್ಟೂ ಮೇಲಿಲ್ಲ. ಮಗು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, "ಎಷ್ಟಮ್ಮಾ?" ಎಂದಳು. ನನ್ನ ಕೈ ತಾನಾಗಿಯೇ ಸ್ಕೇಲನ್ನು ತುಸು ಎತ್ತಿತು. ಅರ್ಧ ಇಂಚು. ಅವಳು ಕಣ್ಣು ತೆರೆದು ಆ ಗೆರೆಯನ್ನು ನೋಡಿದ ರೀತಿ ಕಂಡಿದ್ದರೆ ನೀವು ಮುಕ್ಕಾಲು ಇಂಚು ಎತ್ತುತ್ತಿದ್ದಿರಿ. ಆಗಸ್ಟ್, ಸೆಪ್ಟೆಂಬರ್‌ಗಳಲ್ಲೂ ಕೈ ಅದೇ ರೂಢಿ ಮಾಡಿಕೊಂಡಿತು.

ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಐದು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ; ಮೇಲೆ ಕಲಶ ಮತ್ತು ಪಟ್ಟದ ರಾಜ ರಾಣಿ, ಕೆಳಗೆ ದೇವಾನುದೇವತೆಗಳು, ಕೊನೆಗೆ ಅಂಗಡಿ ಇಟ್ಟುಕೊಂಡ ಶೆಟ್ಟಿ ಶೆಟ್ಟಮ್ಮ. ಆ ಸಲ ಸಿಂಧು ಬಂದೂಕು ಮುರಿದುಹೋಗಿದ್ದ ಮರದ ಸಿಪಾಯಿಯೊಂದಕ್ಕೆ ನೀಲಿ ಬಣ್ಣ ಬಳಿದು, ಕೈಗೆ ಐಸ್‌ಕ್ಯಾಂಡಿ ಕಡ್ಡಿಯ ಬ್ಯಾಟು ಕೊಟ್ಟು, ಮುಖಕ್ಕೆ ಪೇಪರಿನಿಂದ ಕತ್ತರಿಸಿದ ಆ ಆಟಗಾರನ ಮುಖ ಅಂಟಿಸಿ, ಕೃಷ್ಣನ ಪಕ್ಕದಲ್ಲಿಡಬೇಕೆಂದು ಹಟ ಹಿಡಿದಳು.

"ದೇವರ ಪಕ್ಕ ಪ್ಯಾಂಟು ಹಾಕ್ಕೊಂಡೋನೇ? ಮಡಿ ಬೇಡ, ಕೊನೇಪಕ್ಷ ಸ್ನಾನವಾದ್ರೂ ಮಾಡಿದಾನೇನೇ ಅವನು?" ಎಂದು ಅತ್ತೆ ಕೇಳಿದರು.

"ದಿನಾ ಶವರ್‌ನಲ್ಲಿ ಮಾಡ್ತಾನೆ ಅಜ್ಜಿ. ಸೋಪಿನ ಜಾಹೀರಾತಲ್ಲಿ ತೋರಿಸ್ತಾರೆ."

ಅತ್ತೆ ಕೃಷ್ಣನನ್ನು ಕೊಂಚ ಸರಿಸಿ ಜಾಗ ಮಾಡಿದರು. ಕೃಷ್ಣ ಹಾಗೆ ಸ್ನಾನ ಮಾಡಿದ್ದಕ್ಕೆ ಅಂಥ ಸಾಕ್ಷಿಯೇನೂ ಇಲ್ಲ. ಆಟಗಾರ ಮೂರನೇ ಮೆಟ್ಟಿಲೇರಿದ. ಸಂಜೆ ಆರತಿ ಬೆಳಗುವಾಗ ತಟ್ಟೆ ಅವನ ಮುಂದೆ ಬಂದರೆ ನಾನೂ ಸ್ವಲ್ಪ ನಿಧಾನ ಮಾಡುತ್ತಿದ್ದೆ. ಎಷ್ಟಾದರೂ ದಿನಕ್ಕೆ ಎರಡು ಲೋಟ ಹಾಲು ಒಳಗಿಳಿಸಿದವನು. ಆ ಮೆಟ್ಟಿಲಿನಲ್ಲಿ ಕೂತಿದ್ದ ಬೇರೆ ಯಾರಿಂದಲೂ ಆ ಕೆಲಸ ಆಗಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ನಮ್ಮವರು ಜಗಲಿಯಲ್ಲಿ ಪೇಪರು ಓದುತ್ತಿದ್ದವರು ಗಟ್ಟಿಯಾಗಿ ನಕ್ಕರು. "ಸಿಂಧೂ, ನಿನ್ನ ದೇವರು ಮಾತಾಡಿದಾನೆ ನೋಡೇ" ಎಂದು ಕೂಗಿ ಕರೆದು ಓದಿದರು. ಚಿಕ್ಕಂದಿನಿಂದ ಹಾಲಿನ ವಾಸನೆ ಕಂಡರೇ ತನಗಾಗದು, ಏನಿದ್ದರೂ ಟೀ ಎಂದು ಆ ಮಹಾನುಭಾವ ಯಾರೋ ಕೇಳಿದ್ದಕ್ಕೆ ಸಲೀಸಾಗಿ ಹೇಳಿಬಿಟ್ಟಿದ್ದ. ಗಣಿತದ ಮೇಷ್ಟ್ರುಗಳಿಗೆ ಯಾವುದನ್ನು ಮನಸ್ಸಿನಲ್ಲೇ ಓದಿಕೊಳ್ಳಬೇಕು ಎಂಬುದು ತಿಳಿಯುವುದಿಲ್ಲ.

ಸಿಂಧು ನೆಟ್ಟಗೆ ನಡುಮನೆಗೆ ಬಂದು ಗೊಂಬೆಯತ್ತ ಕೈ ಚಾಚಿದಳು. ಅತ್ತೆ ಅಡ್ಡ ಬಂದರು. "ಮುಟ್ಟೀಯ! ಕೂರಿಸಿದ ಗೊಂಬೆಯನ್ನ ವಿಜಯದಶಮಿಗೆ ಮುಂಚೆ ಎಬ್ಬಿಸೋದುಂಟಾ? ಹಸೆಮಣೆ ಮೇಲೆ ಕೂತ ಗಂಡನ್ನ ಎಬ್ಬಿಸಿ ಕಳಿಸಿದ ಹಾಗೆ."

"ಅವನು ಸುಳ್ಳುಗಾರ ಅಜ್ಜಿ."

"ಇರ್ಲಿ ಬಿಡು. ಕೂರಿಸೋ ಮುಂಚೆ ವಿಚಾರಿಸ್ಬೇಕಿತ್ತು."

ಆಗ ಅವನ ಪರವಾಗಿ ವಕಾಲತ್ತು ವಹಿಸುವ ಗತಿ ನನಗೆ ಬಂತು. ನೋಡು ಪುಟ್ಟಿ, ಎಂದೆ, ಅವನ ಎಡಕ್ಕಿರುವ ಕೃಷ್ಣ ಬೆಣ್ಣೆ ಕದ್ದು, ಬಾಯೆಲ್ಲ ಬೆಣ್ಣೆಯಾಗಿದ್ದರೂ ಕದ್ದೇ ಇಲ್ಲ ಅಂದವನು. ಬಲಕ್ಕಿರುವ ಇಂದ್ರನ ವಿಷಯ ನೀನು ದೊಡ್ಡವಳಾದ ಮೇಲೆ ಹೇಳುತ್ತೇನೆ. ಚಂದ್ರನದೂ ಅಷ್ಟೆ. ಹಾಗೆಲ್ಲ ಎಬ್ಬಿಸುತ್ತಾ ಹೋದರೆ ಮೆಟ್ಟಿಲ ಮೇಲೆ ಉಳಿಯುವವರು ಶೆಟ್ಟಿ ಶೆಟ್ಟಮ್ಮ ಇಬ್ಬರೇ. ಅವರ ತಕ್ಕಡಿಯನ್ನೂ ನಾನು ಪರೀಕ್ಷೆ ಮಾಡಿಲ್ಲ. ಇಷ್ಟು ಹೇಳಿ ದೇವರ ಕಡೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡೆ. ಸಿಂಧು ನಗಲಿಲ್ಲ.

ಅಷ್ಟರಲ್ಲಿ ಹಾಲು ಹಾಕುವ ಕೆಂಚಮ್ಮ ಹಿತ್ತಲ ಬಾಗಿಲಿಗೆ ಬಂದಳು. ಸಂಗತಿ ಕೇಳಿ ಸೊಂಟಕ್ಕೆ ಕೈಕೊಟ್ಟು ನಕ್ಕಳು. "ಅಲ್ಲ ಕಣವ್ವಾ, ಎತ್ರ ಆಗಕ್ಕೆ ಪುಡಿ ಆಕ್ತೀರಾ? ನಾನ್ ಏಳ್ತೀನಿ ಕೇಳ್. ನಮ್ಮನೇಲಿ ಮೂರು ಎಮ್ಮೆ ಅವೆ. ಮಕ್ಳು ಆಲ್ನಾಗೇ ಮುಳುಗೆದ್ದವೆ. ದೊಡ್ಡೋನು ತೆಂಗಿನ ಮರ್ದಂಗವ್ನೆ, ಚಿಕ್ಕೋನು ಒಳಕಲ್ಲಂಗವ್ನೆ. ಎಲ್ಡೂ ಕುಡ್ದಿದ್ದು ಅವೇ ಎಮ್ಮೆ ಆಲು!"

"ಇಲ್ಲ ಕೆಂಚಮ್ಮ, ನಾನು ಬೆಳೆದಿದೀನಿ" ಎಂದಳು ಸಿಂಧು. "ಅವನು ಕುಡೀದಿದ್ರೆ ಬೇಡ. ನಾನು ಕುಡಿದು ಬೆಳೆದಿದೀನಿ. ಒಂದೂವರೆ ಇಂಚು. ಅಪ್ಪಾ, ಬಾ ಅಳಿ, ತೋರಿಸ್ತೀನಿ ಇವ್ರಿಗೆ."

ನಾನು ಹಾಲಿನ ಪಾತ್ರೆ ಹಿಡಿದೇ ಬಾಗಿಲ ಚೌಕಟ್ಟಿಗೆ ಅಡ್ಡ ನಿಂತೆ. "ಹಬ್ಬದ ದಿನ ಮಕ್ಕಳನ್ನ ಅಳೀಬಾರ್ದು ಕಣ್ರೀ" ಎಂದೆ.

"ಯಾವ ಶಾಸ್ತ್ರದಲ್ಲಿದೆಯಮ್ಮ ಅದು?" ಎಂದರು ಅತ್ತೆ. ಅವರಿಗೆ ತಿಳಿಯದ ಶಾಸ್ತ್ರವನ್ನು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

ನಮ್ಮವರು ಬೋರ್ಡಿನ ಮೇಲೆ ಕೋನ ಎಳೆಯಲು ಇಟ್ಟುಕೊಂಡಿದ್ದ ಮರದ ಮೂಲೆಮಟ್ಟವನ್ನೇ ತಂದರು. ಒಂದು ಅಂಚನ್ನು ಚೌಕಟ್ಟಿಗೆ ಒತ್ತಿ, ಇನ್ನೊಂದನ್ನು ನೆತ್ತಿಗೆ ತಂದು, ಕನ್ನಡಕ ಸರಿ ಮಾಡಿಕೊಂಡು, ಎರಡು ಸಲ ಅಳೆದರು. ಆಮೇಲೆ ನನ್ನ ಕಡೆ ತಿರುಗಿ ಗಾಬರಿಯಿಂದ ಅಂದರು: "ಲೇ, ಮಗು ಕುಗ್ಗಿದೆಯಲ್ಲೇ! ಕೊನೇ ಗೆರೆಗಿಂತ ಒಂದೂಕಾಲು ಇಂಚು ಕಮ್ಮಿ!"

"ಅಯ್ಯೋ ನರಸಿಂಹಾ! ಗೊಂಬೆ ನೋಡಕ್ಕೆ ಬಂದೋರ ಕಣ್ಣು" ಎಂದು ಅತ್ತೆ ಉಪ್ಪು ಮೆಣಸಿನಕಾಯಿ ತರಲು ಒಳಗೋಡಿದರು. ಕೆಂಚಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸಿಂಧು ಮಾತ್ರ ಗೆರೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗೆರೆಗಳನ್ನು ನೋಡಿದಳು. ಅಪ್ಪನ ಲೆಕ್ಕದ ತಲೆ ಅವಳಿಗೆ ಬಂದಿದೆ.

"ಅವನಾದ್ರೂ ದುಡ್ಡು ತಗೊಂಡು ಸುಳ್ಳು ಹೇಳ್ದ" ಎಂದಳು. "ನೀನು ಬಿಟ್ಟಿ ಹೇಳ್ದೆ."

ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಹಾಲನ್ನೂ ಬಿಟ್ಟಳು. ಸಂಜೆ ಬೀದಿಯ ಮಕ್ಕಳು ಗೊಂಬೆ ನೋಡಲು ಬಂದರೆ ಅವರಿಗೆ ಹಂಚುವ ಚರುಪನ್ನು, ಆ ದಿನದ ತಿಂಡಿಯನ್ನು, ನನ್ನ ಕೈಯಿಂದ ಇಸಿದುಕೊಂಡು ಹಂಚುತ್ತಿದ್ದಳು. ಅಷ್ಟೇ ನಮ್ಮ ವ್ಯವಹಾರ. ದಿನಾ ಬೆಳಿಗ್ಗೆ ನರಸಿಂಹಸ್ವಾಮಿಗೆ ಪ್ರದಕ್ಷಿಣೆ ಹಾಕಿ ಬರುತ್ತಿದ್ದ ನನಗೆ ಅಡುಗೆಮನೆಗೆ ಕಾಲಿಡಲು ಅಳುಕು. ಕಂಬ ಒಡೆದುಕೊಂಡು ಬಂದ ದೇವರು ಅವನು. ಬಾಗಿಲ ಚೌಕಟ್ಟು ಅವನಿಗೆ ಯಾವ ಲೆಕ್ಕ? ನಾಲ್ಕು ದಿನ ಆ ಹೊಸಿಲನ್ನು ಓಡಿ ಓಡಿ ದಾಟಿದೆ. ಮಗುವಿನ ಮೌನದ ಮುಂದೆ ಅದೇನೂ ದೊಡ್ಡ ಭಯವಲ್ಲ. ನನ್ನ ಅಮ್ಮನ ‘ಅಂತೆ’ಗಳನ್ನು ಹತ್ತು ವರ್ಷ ನಂಬಿದವಳು ನಾನು. ನನ್ನ ಮಗಳು ನನ್ನ ಮಾತನ್ನು ಹನ್ನೊಂದಕ್ಕೇ ನಂಬದೆ ಹೋದರೆ, ಮುಂದೆ ಹೇಳಬೇಕಾದ ನಿಜಗಳನ್ನು ಯಾರ ಬಾಯಲ್ಲಿ ಹೇಳಿಸುವುದು? ಟೀವಿಯವರ ಬಾಯಲ್ಲೇ?

ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ಒಂದು ಗೊಂಬೆಯನ್ನು ಮಲಗಿಸಬೇಕು. ಆಮೇಲೇ ಉಳಿದವನ್ನು ತೆಗೆಯುವುದು. ಪ್ರತಿ ವರ್ಷ ರಾಣಿಯನ್ನು ಮಲಗಿಸುವ ಸಿಂಧು ಆ ಸಲ ಆಟಗಾರನನ್ನೇ ಎತ್ತಿ ಬೋರಲು ಮಲಗಿಸಿದಳು. ನಾನು ಪಕ್ಕದಲ್ಲಿ ಕೂತೆ.

"ಸ್ಕೇಲು ಎತ್ತಿದ್ದು ನಾನೇ ಕಣೇ. ತಪ್ಪಾಯ್ತು."

"ಯಾಕೆ ಎತ್ತಿದೆ?"

"ಫೋಟೋದಲ್ಲಿ ನೀನೊಬ್ಬಳೇ ನೆಲದ ಮೇಲೆ ಕೂತಿರೋದು ನೋಡಕ್ಕಾಗ್ಲಿಲ್ಲ."

ಗೊಂಬೆಯ ಕೈಯಿಂದ ಬ್ಯಾಟನ್ನು ಕಿತ್ತಳು. "ನಾನು ಎತ್ತರ ಆಗ್ತೀನಾ ಇಲ್ವಾ? ನಿಜ ಹೇಳು."

"ಗೊತ್ತಿಲ್ಲ. ನಮ್ಮನೇಲಿ ಯಾರೂ ಆಗಿಲ್ಲ."

ಇದನ್ನು ಕೇಳಿ ಅತ್ತುಬಿಡುತ್ತಾಳೆಂದುಕೊಂಡಿದ್ದೆ. ಅವಳು ಅಜ್ಜಿಯನ್ನೊಮ್ಮೆ, ಅಪ್ಪನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇಷ್ಟು ದಿನ ಇದು ಹೇಗೆ ಹೊಳೆಯಲಿಲ್ಲ ಎಂಬಂತೆ ತಲೆಯಾಡಿಸಿದಳು. "ಹಾಗಾದ್ರೆ ಹಾಲು ಯಾಕೆ ಕುಡೀಬೇಕು?"

"ಮೂಳೆ ಗಟ್ಟಿಯಾಗುತ್ತೆ. ಅದು ನಿಜ."

"ನಿನಗೆ ಮೂಳೆ ಇಲ್ವಾ? ನೀನು ಕುಡಿದಿದ್ದು ನಾನು ಒಂದಿನಾನೂ ನೋಡಿಲ್ಲ."

ಸಿಕ್ಕಿಹಾಕಿಕೊಂಡೆ. ಹಾಲೆಂದರೆ ನನಗೆ ಹುಟ್ಟಿದಾಗಿನಿಂದ ಆಗದು. ಕಾಫಿಯಲ್ಲಿ ಕೆನೆಯ ಎಳೆಯೊಂದು ತೇಲಿದರೂ ಲೋಟವನ್ನು ಬಚ್ಚಲಿಗೆ ಸುರಿಯುತ್ತೇನೆ. ಹನ್ನೊಂದು ವರ್ಷ ಇದನ್ನು ಮಗುವಿನಿಂದ ಮುಚ್ಚಿಟ್ಟಿದ್ದೆ. ನಡುಮನೆಯಲ್ಲಿ ಬೋರಲು ಮಲಗಿದ್ದ ಆ ಬಡಪಾಯಿಗೂ ನನಗೂ ಇದ್ದ ವ್ಯತ್ಯಾಸವೆಂದರೆ, ಕೇಳಿದಾಗ ಅವನು ನಿಜ ಹೇಳಿದ್ದ.

ರಾಜಿಯ ಕರಾರು ಅವಳೇ ಹಾಕಿದಳು: ಅವಳು ಕುಡಿಯುವಷ್ಟು ದಿನ ನಾನೂ ಕುಡಿಯಬೇಕು, ಎರಡು ಲೋಟ, ಪುಡಿ ಹಾಕಿ, ಅವಳ ಕಣ್ಣೆದುರಿಗೆ. ಅಳೆಯುವವರು ಅಪ್ಪ. ಮೂಗು ಹಿಡಿದುಕೊಂಡು, ಒಳಗೊಳಗೇ ನರಸಿಂಹನನ್ನು ನೆನೆಯುತ್ತಾ ಕುಡಿದೆ. ಅವಳು ಅಂಪೈರಿನಂತೆ ಎದುರಿಗೆ ನಿಂತು ಲೋಟವನ್ನು ಬೋರಲು ಮಾಡಿ ನೋಡುತ್ತಿದ್ದಳು. ಆದರೆ ಮಾತಾಡುತ್ತಿದ್ದಳು, ಅದು ಸಾಕಿತ್ತು.

ಮುಂದಿನ ದಸರೆಯ ಹೊತ್ತಿಗೆ ಮೂಲೆಮಟ್ಟದ ಪ್ರಕಾರ ಸಿಂಧು ಒಂದಿಂಚು ಬೆಳೆದಿದ್ದಳು, ಅಸಲಿ ಇಂಚು. ಟೀಮಿಗೆ ಸೇರಲು ಅದು ಸಾಲಲಿಲ್ಲ. ಫೋಟೋದಲ್ಲಿ ಆ ವರ್ಷವೂ ಸ್ಲೇಟು ಹಿಡಿದದ್ದು ಅವಳೇ, ಆದರೆ ಹಲ್ಲು ಕಾಣುವ ಹಾಗೆ ನಕ್ಕಿದ್ದಾಳೆ. ಇನ್ನು ನನ್ನ ವಿಷಯ. ನಮ್ಮ ಬೀದಿಯ ಟೈಲರ್ ನನ್ನ ರವಿಕೆಗಳ ಹೊಲಿಗೆಯನ್ನು ಆ ವರ್ಷ ಎರಡು ಸಲ ಬಿಚ್ಚಿ, ಮೂರನೆಯ ಸಲ "ಇನ್ನು ಬಿಚ್ಚೋಕೆ ಒಳಗೆ ಬಟ್ಟೆ ಇಲ್ಲ ಕಣಕ್ಕಾ" ಎಂದು ಕೈಮುಗಿದ. ಆ ಆಟಗಾರನನ್ನು ನಾನೀಗ ಬೈಯುವುದಿಲ್ಲ. ಕುಡಿದರೆ ಬೆಳೆಯುತ್ತೀರಿ ಎಂದಿದ್ದ, ಬೆಳೆದಿದ್ದೇನೆ. ಯಾವ ಕಡೆಗೆ ಎಂದು ಅವನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.